ಇಪ್ಪತ್ತೊಂದು ಖಾನೆಗಳ ಕಲ್ಯಾಣಪ್ಪ

ಕಲ್ಯಾಣಪ್ಪನಿಗೆ ಹಾಲಿನವನ ಮೇಲೆ ಸಂಶಯ, ಕಂಡಕ್ಟರನ ಮೇಲೆ ಸಂಶಯ, ಗೋಡೆಯ ಗಡಿಯಾರದ ಮೇಲೂ ಸಂಶಯ. ಅಕ್ಕಲಕೋಟದಿಂದ ಸೋಲಾಪುರಕ್ಕೆ ಇಪ್ಪತ್ತೆರಡು ವರ್ಷ ಎಸ್‌ಟಿ ಬಸ್ಸಿನಲ್ಲಿ ಓಡಾಡಿದ ಈ ಮನುಷ್ಯ ಒಂದು ದಿನವೂ ತಾರೀಖು ನೋಡದೆ ಟಿಕೆಟ್ಟನ್ನು ಕಿಸೆಗೆ ಹಾಕಿದವನಲ್ಲ. “ನಿಮ್ಮ ಅನಮಾನಕ್ಕ ಔಷಧ ಇಲ್ರಿ” ಎಂದು ಹೆಂಡತಿ ಕಸ್ತೂರಬಾಯಿ ಎಂದೋ ಕೈಮುಗಿದಿದ್ದಳು.

ಸೋಲಾಪುರದ ಹತ್ತಿರ ಚಿಂಚೋಳಿ ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಮಾತ್ರ ಇದೇ ಗುಣ ಅವನಿಗೆ ಅನ್ನ ಹಾಕುತ್ತಿತ್ತು. ಅಲ್ಲಿ ದನದ ಮೇವಿಗೆ ಜೋಳದ ಕಣಿಕೆ ಕತ್ತರಿಸುವ ಯಂತ್ರ ತಯಾರಾಗುತ್ತದೆ. ಎಲ್ಲರ ಬಾಯಲ್ಲೂ ಅದು ಕುಟ್ಟಿ ಮಷಿನ್. ನೋಡಲು ಎಲ್ಲಾ ಒಂದೇ ತಾಯಿಯ ಮಕ್ಕಳು, ಆದರೆ ಏಳು ನಮೂನೆ. ಒಂದಕ್ಕೆ ಸಣ್ಣ ಮೋಟರು, ಒಂದಕ್ಕೆ ದೊಡ್ಡದು, ಇನ್ನೊಂದು ಟ್ರ್ಯಾಕ್ಟರಿಗೆ ಹಚ್ಚುವಂಥದು. ಕೆಲವಕ್ಕೆ ಒಳಗೆ ಸಿಕ್ಕಿಬಿದ್ದ ಮೇವನ್ನು ಹಿಂದಕ್ಕೆ ದಬ್ಬುವ ಹಿಡಿಕೆ ಇದೆ, ಕೆಲವಕ್ಕಿಲ್ಲ. ಪ್ರತಿ ನಮೂನೆಗೂ ಬಳಸುವ ರೀತಿ ಹೇಳುವ ಪುಸ್ತಕ, ಅದೂ ಮರಾಠಿ, ಕನ್ನಡ, ಹಿಂದಿ ಮೂರರಲ್ಲಿ. ಹೀಗೆ ಇಪ್ಪತ್ತೊಂದು ಖಾನೆಗಳ ಒಂದು ಕಬ್ಬಿಣದ ಕಪಾಟು, ಅದರ ಕೀಲಿ ಕಲ್ಯಾಣಪ್ಪನ ಉಡದಾರದಲ್ಲಿ. ಮುಖಪುಟದ ಚಿತ್ರ ಏಳಕ್ಕೂ ಒಂದೇ. ಬೇರೆ ಇರುವುದು ಮೂಲೆಯಲ್ಲಿ ಅಚ್ಚಾದ ಒಂದು ಅಂಕಿ. ಯಾವ ಪುಸ್ತಕ ಯಾವ ಊರಿಗೆ, ಯಾರ ಮನೆಗೆ ಹೋಯಿತು, ಅವರ ಫೋನ್ ನಂಬರು ಏನು, ಎಲ್ಲವನ್ನೂ ಅವನು ಕಿಸೆಯ ಡೈರಿಯಲ್ಲಿ ಬರೆದಿಡುತ್ತಿದ್ದ. ನಾಳೆ ಯಾರಾದರೂ ತಪ್ಪನ್ನು ತನ್ನ ತಲೆಗೆ ಕಟ್ಟಿದರೆ?

ಶ್ರಾವಣದಲ್ಲಿ ಶುಭಾಂಗಿ ಎಂಬ ಹುಡುಗಿ ಕೆಲಸಕ್ಕೆ ಬಂದಳು. ಸೋಲಾಪುರದವಳೇ, ಇಂಜಿನಿಯರಿಂಗ್ ಓದಿದವಳು. ಆರು ತಿಂಗಳು ಕೆಲಸ ನೋಡಿ ಕಾಯಂ ಮಾಡುವ ಮಾತಾಗಿತ್ತು. ಬಂದ ವಾರದಲ್ಲೇ ಕಪಾಟಿನ ಮುಂದೆ ನಿಂತಳು.

“ಕಾಕಾ, ಏಳೂ ಪುಸ್ತಕದಾಗ ಅರ್ಧಕ್ಕಿಂತ ಜಾಸ್ತಿ ಪುಟ ಒಂದ ಥರ ಅದಾವ. ಅವನ್ನ ಒಂದ ಸಲ ಬರಿಯೋಣು. ಬ್ಯಾರೆ ಇದ್ದ ಪುಟಕ್ಕ ನಂಬರ್ ಹಾಕೂನು, ಅದ ನಂಬರ್ ಮಷಿನ್ ಮ್ಯಾಲೂ ಹಚ್ಚೂನು. ಎಲ್ಲಾಕ್ಕೂ ಒಂದ ಪುಸ್ತಕ ಸಾಕ.”

ಕಲ್ಯಾಣಪ್ಪ ಉಡದಾರದ ಕೀಲಿ ಮುಟ್ಟಿ ನೋಡಿಕೊಂಡ. ಖಾನೆ ಹೋದರೆ ಕೀಲಿ ಹೋಯಿತು, ಕೀಲಿ ಹೋದರೆ ತಾನು. ಇವಳು ತನ್ನ ಬುಡಕ್ಕೇ ಕೊಡಲಿ ಇಡಲು ಬಂದವಳು!

ದಸರೆ ಮುಗಿದ ಮೇಲೆ ಅವನ ಸಂಶಯಕ್ಕೆ ಕೈಕಾಲು ಬಂದವು. ಹದಿನೈದು ದಿನದಲ್ಲಿ ಮೂರು ಊರುಗಳಿಂದ ದೂರು: ಪೆಟ್ಟಿಗೆಯಲ್ಲಿ ಬೇರೆ ನಮೂನೆಯ ಪುಸ್ತಕ. ಇಪ್ಪತ್ತೆರಡು ವರ್ಷದಲ್ಲಿ ಹೀಗಾದದ್ದೇ ಇಲ್ಲ. ಕಪಾಟಿನ ಇನ್ನೊಂದು ಕೀಲಿ ಆಫೀಸಿನಲ್ಲಿದೆ, ಶುಭಾಂಗಿ ಕೂರುವುದೂ ಆಫೀಸಿನಲ್ಲೇ. ಇನ್ನೇನು ಬೇಕು? ಹಳೆಯ ಪದ್ಧತಿ ಕೆಟ್ಟದ್ದೆಂದು ತೋರಿಸಲು ಅವಳೇ ಅದಲು ಬದಲು ಮಾಡುತ್ತಿದ್ದಾಳೆ. ಕಲ್ಯಾಣಪ್ಪ ಬಾಗಿಲಿಗೆ ಕಾಣದಂತೆ ದಾರ ಕಟ್ಟಿದ, ನೆಲಕ್ಕೆ ಜೋಳದ ಹಿಟ್ಟು ಉದುರಿಸಿದ. ಮರುದಿನ ಹಿಟ್ಟಿನಲ್ಲಿ ಇಲಿಯ ಹೆಜ್ಜೆ ಮೂಡಿತ್ತು. ಇಲಿಯನ್ನೂ ಅವಳೇ ಬಿಟ್ಟಿರಬೇಕು ಅಂದುಕೊಂಡ ಪುಣ್ಯಾತ್ಮ.

ಕೊನೆಗೆ ಮಾಲೀಕ ಗುರುಶಾಂತನ ಕಿವಿಗೆ ಹಾಕಿದ. “ಮಾಲಕ್ರ, ಆ ಹುಡುಗಿದ ಕೆಲಸರಿ ಇದು. ನಾ ಬರದ ಕೊಡ್ತೀನಿ.”

ಗುರುಶಾಂತ ಮುಖ ಗಂಟಿಕ್ಕಿದ. “ಶನಿವಾರ ಆಕಿಗಿ ಕೆಲಸಕ್ಕ ಬರೂದ ಬ್ಯಾಡ ಅಂತ ಹೇಳಿಬಿಡ್ತೀನಿ. ಅಷ್ಟರಾಗ ಒಂದಾದ್ರೂ ಪುರಾವೆ ತೊಗೊಂಡ ಬಾ.”

ಪುರಾವೆ ತಾನಾಗಿ ಬಂತು. ಶುಕ್ರವಾರ ನಾಗಣಸೂರಿನಿಂದ ನಾಲ್ಕನೆಯ ದೂರು. ಊರು ಅಕ್ಕಲಕೋಟ ತಾಲೂಕಿನದೇ. ಕಲ್ಯಾಣಪ್ಪ ರಜೆ ಹಾಕಿ ತಾನೇ ಹೋದ.

ಯಂತ್ರ ಕೊಂಡಿದ್ದ ಬಸಣ್ಣ ಚಹಾ ಕೊಟ್ಟ, ಮುಖ ಮಾತ್ರ ಸಡಿಲಿಸಲಿಲ್ಲ. ಸೊಸೆ ಶ್ರದ್ಧಾಳನ್ನು ಕರೆದು, “ಕೈ ತೋರಸವ್ವಾ” ಅಂದ. ಮಣಿಕಟ್ಟಿನ ಸುತ್ತ ಬಟ್ಟೆ ಕಟ್ಟಿತ್ತು.

“ಕಣಕಿ ಒಳಗ ಸಿಗಬಿತ್ರಿ,” ಅಂದಳು ಶ್ರದ್ಧಾ. “ಪುಸ್ತಕ ತೆಗದ ನೋಡ್ದೆ. ಬಟನ್ ಬಂದ್ ಮಾಡಿ ಕೈಲೆ ಎಳೀರಿ ಅಂತ ಇತ್ತು. ಬಂದ್ ಮಾಡೀನಿ, ಆದ್ರ ಗಾಲಿ ಇನ್ನಾ ತಿರಗತಿತ್ತು. ಬಳಿ ಎಲ್ಲಾ ಒಡದುವು. ಆಮ್ಯಾಲ ಬಾಜೂ ಮನಿಯವರು ಹೇಳಿದ್ರು, ನಿಮ್ಮ ಮಷಿನಿಗಿ ಹಿಡಕಿ ಐತಿ, ಕೈ ಹಾಕೂದ ಬ್ಯಾಡ ಅಂತ.”

ಕಲ್ಯಾಣಪ್ಪ ಚಹಾದ ಕಪ್ಪನ್ನು ಕೆಳಗಿಟ್ಟ. ಆ ಶುಭಾಂಗಿ ಎಂಥ ಪಾಪಿ! ಪುಸ್ತಕ ಎಲ್ಲಿ ಎಂದು ಕೇಳಿದ.

“ದೇವರ ಜಗಲಿ ಮ್ಯಾಲ ಐತಿ. ನೀವು ಪೂಜಾ ಮಾಡಿ ಕಳಿಸೀರಿ ಅಂತ ಅಲ್ಲೇ ಇಟ್ಟೇವಿ.”

ತಂದು ಕೊಟ್ಟಳು. ಮುಖಪುಟದ ಮೂಲೆಯಲ್ಲಿ ಮೂರು ಬೆರಳಿನ ವಿಭೂತಿ, ನಡುವೆ ಹೆಬ್ಬೆರಳಿನಿಂದ ಒತ್ತಿದ ಕುಂಕುಮ. ನಮೂನೆಯ ಅಂಕಿ ಅದರಡಿ ಪೂರ್ತಿ ಮುಚ್ಚಿಹೋಗಿತ್ತು. ಅವನು ಹೆಬ್ಬೆರಳನ್ನು ಅದರ ಮೇಲಿಟ್ಟ. ಸರಿಯಾಗಿ ಕೂತಿತು.

ದಸರೆಯಲ್ಲಿ ಖಂಡೇನವಮಿಯ ಆಯುಧಪೂಜೆಯ ದಿನ ಪ್ರತಿ ಖಾನೆಯಿಂದ ಒಂದೊಂದು ಪುಸ್ತಕ ತೆಗೆದು ಯಂತ್ರಗಳ ಮುಂದೆ ಪೂಜೆಗಿಟ್ಟವನು ತಾನೇ. ಬೇರೆಯವರನ್ನು ಮುಟ್ಟಗೊಟ್ಟಿರಲಿಲ್ಲ. ಬಸ್ಸಿನ ಹೊತ್ತಾಯಿತೆಂದು ಈ ಸಲ ಅಂಕಿ ಒರೆಸಿ ನೋಡದೆ, ನೆನಪಿನ ಮೇಲೆ ಖಾನೆಗಳಿಗೆ ತುಂಬಿದವನೂ ತಾನೇ. ಪೂಜೆಯ ಪುಸ್ತಕ ಮೊದಲು ಹೊರಡಲಿ, ಶುಭ ಎಂದು ಮೇಲಿಟ್ಟಿದ್ದ. ಲೋಕವನ್ನೆಲ್ಲ ಸಂಶಯಪಟ್ಟವನು ತನ್ನ ಕೈಯನ್ನು ಮಾತ್ರ ನಂಬಿದ್ದ. ಆ ಅಂಗಳದಲ್ಲಿ ನಿಂತು ಅವನಿಗೆ ಇನ್ನಿಲ್ಲದಷ್ಟು ನಾಚಿಕೆಯಾಯಿತು, ಅದರ ಹಿಂದೆಯೇ ಭಯ. ಪೂಜೆಯ ಇಪ್ಪತ್ತೊಂದೂ ಪುಸ್ತಕ ಹೊರಟುಹೋಗಿದ್ದವು, ದೂರು ಬಂದದ್ದು ನಾಲ್ಕು.

ಶನಿವಾರ ಮಾಲೀಕನ ಮೇಜಿನ ಮುಂದೆ ಶುಭಾಂಗಿ ಅತ್ತು ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದಳು. ಕಲ್ಯಾಣಪ್ಪ ಪುಸ್ತಕವನ್ನು ಮೇಜಿನ ಮೇಲಿಟ್ಟ, ಉಡದಾರದಿಂದ ಕೀಲಿ ಬಿಚ್ಚಿ ಅದರ ಮೇಲಿಟ್ಟ.

“ಪುರಾವೆ ಸಿಕ್ತರಿ ಮಾಲಕ್ರ. ಈ ಹೆಬ್ಬಟ್ಟ ನಂದ ಐತಿ.”

ಎಲ್ಲ ಹೇಳಿದ. ಶುಭಾಂಗಿ ಕಣ್ಣೊರೆಸಿಕೊಂಡು ಕೇಳಿದ್ದು ಒಂದೇ: “ಉಳದ ಹದಿನೇಳು ಎಲ್ಲಿಗಿ ಹೋಗ್ಯಾವ, ಕಾಕಾ?”

ಅವನು ಕಿಸೆಯಿಂದ ಡೈರಿ ತೆಗೆದ. ಊರು, ಹೆಸರು, ನಂಬರು, ಒಂದೂ ತಪ್ಪಿರಲಿಲ್ಲ. ಶುಭಾಂಗಿ ಮೊದಲನೆಯ ನಂಬರು ಒತ್ತಿ ಫೋನನ್ನು ಅವನ ಕೈಗೇ ಕೊಟ್ಟಳು. ಆ ಕಡೆ ಗಿರಿಜಾಬಾಯಿ ಎಂಬ ಹೆಂಗಸು. ಕಲ್ಯಾಣಪ್ಪ ಉಸಿರು ಬಿಡದೆ ಹೇಳಿದ: ಪುಸ್ತಕ ತಪ್ಪಿರಬೌದು, ಮಷಿನ್ ಸದ್ಯ ಚಾಲೂ ಮಾಡಬ್ಯಾಡ್ರಿ.

“ನೀವ್ಯಾರು? ಕಂಪನಿಯವ್ರ ಅಂತ ಹ್ಯಾಂಗ ನಂಬೂದು?” ಎಂದಿತು ಆ ದನಿ. “ಫೋನ್ ಮಾಡಿ ಮೋಸ ಮಾಡವ್ರು ಭಾಳ ಆಗ್ಯಾರ. ಇಡ್ರಿ ಫೋನ್.”

ಬೇರೆ ದಿನವಾಗಿದ್ದರೆ ಈ ಹೆಂಗಸನ್ನು ಅವನು ಮೆಚ್ಚುತ್ತಿದ್ದ. ಈಗ ಎರಡೂ ಕೈಯಲ್ಲಿ ಫೋನು ಹಿಡಿದು, ಎದುರಿಗೇ ನಿಂತಿದ್ದಾಳೆ ಎಂಬಂತೆ ಬಾಗಿದ.

“ನನ್ನ ನಂಬಬ್ಯಾಡ್ರಿ ಅಕ್ಕಾ, ನಡೀತೈತಿ. ಆದ್ರ ಕೈ ಮಾತ್ರ ಒಳಗ ಹಾಕಬ್ಯಾಡ್ರಿ.”