ಎರಡು ಪಾಯಿಂಟ್ ಎಂಟು ಸೆಂಟಿಮೀಟರ್

ಶಾಂತವ್ವ, ನಿನ್ನ ಗಂಡ ಬಸಪ್ಪನವರ ರೋಗ ನಾಲ್ಕನೇ ಹಂತಕ್ಕೆ ಹೋಗಿದೆ ಎಂದು ನಾನು ಹೇಳಿದ್ದು ತಪ್ಪು. ಹೋಗಿರಲಿಲ್ಲ. ಅದು ತಪ್ಪೆಂದು ನನಗೆ ಮರುದಿನವೇ ಗೊತ್ತಾಗಿತ್ತು. ಗೊತ್ತಾದ ಮೇಲೂ ನಿನಗೆ ಹೇಳಲಿಲ್ಲ — ಇದು ಮೊದಲಿನದಕ್ಕಿಂತ ದೊಡ್ಡ ತಪ್ಪು. ನಾಲ್ಕು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ.

ಇಷ್ಟು ಬರೆಯುವುದಕ್ಕೆ ಮೂರು ಹಾಳೆ ಹರಿದು ಹಾಕಿದ್ದೇನೆ. ಒಂದರಲ್ಲಿ ನನ್ನ ಮಂಡಿನೋವಿನ ಸುದ್ದಿ ಬರೆದೆ, ಇನ್ನೊಂದರಲ್ಲಿ ಮುಲುಂಡಿನ ನಮ್ಮ ಬಿಲ್ಡಿಂಗಿನ ನೀರಿನ ಜಗಳ. ಹೇಳಬೇಕಾದ್ದನ್ನು ಬಿಟ್ಟು ಊರ ಉಸಾಬರಿಯನ್ನೆಲ್ಲ ಹೇಳುವುದು ನನ್ನ ಹಳೆಯ ಚಾಳಿ. ನೀನು ನಾಲ್ಕನೇ ಇಯತ್ತೆಯವರೆಗೆ ಓದಿದವಳು, ಅಕ್ಷರ ಕೂಡಿಸಿ ಕೂಡಿಸಿ ಓದುತ್ತೀ ಎಂದು ನೀನೇ ಹೇಳಿದ್ದೆ. ಅದಕ್ಕೇ ಆದಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ನೀವೆಲ್ಲ ನನ್ನನ್ನು ಡಾಕ್ಟರೆಂದೇ ತಿಳಿದಿರಿ. ನಾನು ಡಾಕ್ಟರಲ್ಲ. ಘಾಟ್ಕೋಪರಿನ ಆ ಸ್ಕ್ಯಾನ್ ಸೆಂಟರಿನಲ್ಲಿ ಯಂತ್ರ ನಡೆಸುವವಳು, ಅಷ್ಟೇ. ಬಂದವರನ್ನು ಮಲಗಿಸುವುದು, 'ಉಸಿರು ಹಿಡೀರಿ, ಬಿಡ್ರಿ' ಎನ್ನುವುದು, ಚಿತ್ರ ತೆಗೆದು ಒಳಗೆ ಕಳಿಸುವುದು ನನ್ನ ಕೆಲಸ. ಚಿತ್ರ ನೋಡಿ ಇದು ಇಂಥದ್ದೆಂದು ಬರೆಯುವವರು ಡಾಕ್ಟರ್. ರೋಗಿಗಾಗಲಿ ಅವರ ಮನೆಯವರಿಗಾಗಲಿ ನಾವು ತುಟಿ ಬಿಚ್ಚಬಾರದು — ಈ ಕೆಲಸಕ್ಕೆ ಸೇರಿದ ದಿನ ಹೇಳಿಕೊಡುವ ಮೊದಲ ಪಾಠವೇ ಅದು.

ಆದರೆ ಹದಿನೆಂಟು ವರ್ಷ ಅದೇ ಚಿತ್ರಗಳನ್ನು ನೋಡಿದ ಮೇಲೆ ತಲೆಯ ಮೇಲೆ ಒಂದು ಕೋಡು ಮೂಡುತ್ತದೆ. ಸೆಂಟರಿನವರು ನನ್ನನ್ನು 'ಆಧೀ ಡಾಕ್ಟರ್', ಅರ್ಧ ಡಾಕ್ಟರ್ ಎಂದು ಛೇಡಿಸುತ್ತಿದ್ದರು. ನಾನು ಸಿಟ್ಟು ಬಂದವಳಂತೆ ನಟಿಸುತ್ತಿದ್ದೆ, ಒಳಗೊಳಗೇ ಹಿಗ್ಗುತ್ತಿದ್ದೆ. ನಮ್ಮ ಕಡೆಯವರು — ವಿಜಯಪುರ, ಬೆಳಗಾವಿ, ನಮ್ಮ ಧಾರವಾಡದವರು — ಯಾರಾದರೂ ಬಂದು ಕನ್ನಡದಲ್ಲಿ ಎರಡು ಮಾತಾಡಿದರೆ ಸಾಕು, ಪ್ಯಾಸೇಜಿಗೆ ಬಂದು ಮೆಲ್ಲಗೆ ಹೇಳಿಬಿಡುತ್ತಿದ್ದೆ. 'ಕಲ್ಲು ಸಣ್ಣದದ, ನೀರು ಕುಡೀರಿ.' 'ಏನೂ ಇಲ್ಲ, ಮನೀಗೆ ಹೋಗ್ರಿ.' ವರದಿಗಾಗಿ ಕಾಯುವ ಜೀವಗಳಿಗೆ ಅದೊಂದು ಪುಣ್ಯದ ಕೆಲಸ ಎಂದುಕೊಂಡಿದ್ದೆ. ನನ್ನ ಪಾಳಿ ಯಾವಾಗ ಎಂದು ಕೇಳಿಕೊಂಡು ಬರುವವರೂ ಇದ್ದರು. ನೀವೂ ಹಾಗೇ ಬಂದಿರಿ.

ಎಕ್ಸ್‌ರೇ ನೋಡಿದ ಡಾಕ್ಟರ್ ಕ್ಯಾನ್ಸರಿನ ಅನುಮಾನ ಹೇಳಿ ಸ್ಕ್ಯಾನಿಗೆ ಕಳಿಸಿದ್ದರು. ಬಸಪ್ಪನವರು ಅಂದು ಕೆಲಸದಿಂದಲೇ ಬಂದಿದ್ದರು. ಬಿಲ್ಡಿಂಗುಗಳಲ್ಲಿ ನೆಲದ ಫರಶಿಕಲ್ಲು ಕೊಯ್ದು ಕೂಡಿಸುವ ಕೆಲಸ. ರೆಪ್ಪೆಯ ಮೇಲೂ ಬಿಳಿ ಧೂಳು. ಮಲಗಿಸುವಾಗ, 'ಅಂಗಿ ಹೊಲಸಾಗೇತ್ರಿ ಅಕ್ಕಾರ, ನಿಮ್ಮ ಹಾಸಿಗಿ ಕೆಡತೈತಿ' ಎಂದು ಸಂಕೋಚಪಟ್ಟರು. ಅಷ್ಟು ಮೆದು ಮನುಷ್ಯ. ಇದನ್ನು ಯಾಕೆ ಬರೆದೆನೋ — ಬರೆಯದೆ ಇರಲಾಗಲಿಲ್ಲ.

ಈಗ ಆ ಚಿತ್ರದ ವಿಷಯ. ನಿನಗೆ ಅರ್ಥವಾಗುವಂತೆ ಹೇಳುವುದು ನನ್ನ ಮೇಲಿನ ಋಣ, ನಿಧಾನವಾಗಿ ಓದು.

ಶ್ವಾಸಕೋಶದ ಗಂಟು ಯಾವ ಹಂತದ್ದೆಂದು ತಿಳಿಯಲು ಮೂರು ಸಂಗತಿ ನೋಡುತ್ತಾರೆ. ಗಂಟು ಎಷ್ಟು ದೊಡ್ಡದು, ಇದು ಮೊದಲನೆಯದು. ಮೂರು ಸೆಂಟಿಮೀಟರಿನ ಒಳಗಿದ್ದರೆ ಸಣ್ಣದು; ಐದು ದಾಟಿದರೆ, ಏಳು ದಾಟಿದರೆ ಚಿಂತೆ ಏರುತ್ತ ಹೋಗುತ್ತದೆ. ಎದೆಯ ನಡುವೆ, ಶ್ವಾಸನಾಳದ ಅಕ್ಕಪಕ್ಕ ಇರುವ ಸಣ್ಣ ಗ್ರಂಥಿಗಳಿಗೆ ರೋಗ ಮುಟ್ಟಿದೆಯೇ, ಇದು ಎರಡನೆಯದು. ಇನ್ನೊಂದು, ಎದೆ ಬಿಟ್ಟು ಬೇರೆ ಕಡೆ — ಮೆದುಳು, ಎಲುಬು, ಯಕೃತ್ತು — ಎಲ್ಲಿಗಾದರೂ ಹಾರಿದೆಯೇ ಎಂಬುದು. ಹಾರಿದ್ದರೆ ಗಂಟು ಕಡಲೆಕಾಳಿನಷ್ಟೇ ಇರಲಿ, ನಾಲ್ಕನೇ ಹಂತವೇ. ಗಾತ್ರದ ಮಾತು ಅಲ್ಲಿಗೆ ನಡೆಯುವುದಿಲ್ಲ.

ಬಸಪ್ಪನವರ ಗಂಟು ಬಲಗಡೆ ಮೇಲ್ಭಾಗದಲ್ಲಿತ್ತು. ಅಳೆದೆ — ಎರಡು ಪಾಯಿಂಟ್ ಎಂಟು. ಮೂರರ ಒಳಗೆ. ನಡುವಿನ ಗ್ರಂಥಿಗಳು ಊದಿರಲಿಲ್ಲ. ಪುಣ್ಯವಂತ ಎಂದುಕೊಂಡೆ. ಚಿತ್ರವನ್ನು ಕೆಳಗೆ ಸರಿಸುತ್ತ ಹೋದೆ. ನಮ್ಮ ಎರಡೂ ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಒಂದೊಂದು ಪುಟ್ಟ ಗ್ರಂಥಿ ಇರುತ್ತದೆ. ಅವರ ಎಡಗಡೆಯ ಗ್ರಂಥಿಯಲ್ಲಿ ಒಂದು ಗುಂಡನೆಯ ಉಬ್ಬು ಕಂಡಿತು. ಶ್ವಾಸಕೋಶದ ರೋಗ ಹಾರಿ ಕೂರುವ ಜಾಗಗಳಲ್ಲಿ ಅದೂ ಒಂದು ಎಂಬುದು ನನಗೆ ಗೊತ್ತಿತ್ತು. ಅಷ್ಟೇ ಗೊತ್ತಿತ್ತು. ಅದೇ ಜಾಗದಲ್ಲಿ ಏನೂ ಕೇಡು ಮಾಡದ ಕೊಬ್ಬಿನ ಉಬ್ಬು ಬಹಳ ಜನರಿಗೆ ಇರುತ್ತದೆ ಎಂಬುದು — ಅದೂ ಗೊತ್ತಿತ್ತು, ಸುಳ್ಳು ಹೇಳಬಾರದು. ಆ ಗಳಿಗೆಯಲ್ಲಿ ನೆನಪಿಗೆ ಬರಲಿಲ್ಲ.

ನಾವು ಎರಡು ಸಲ ಚಿತ್ರ ತೆಗೆಯುತ್ತೇವೆ. ಮೊದಲು ಹಾಗೆಯೇ, ಆಮೇಲೆ ನರಕ್ಕೆ ಔಷಧ ಕೊಟ್ಟು. ಔಷಧ ಹೋದ ಮೇಲೆ ಉಬ್ಬೆಲ್ಲ ಬೆಳ್ಳಗೆ ಬೆಳಗುತ್ತದೆ, ಒಳ್ಳೆಯದೂ ಕೆಟ್ಟದೂ ಒಂದೇ ತರಹ ಕಾಣುತ್ತದೆ. ಮೊದಲಿನ, ಔಷಧವಿಲ್ಲದ ಚಿತ್ರದಲ್ಲಿ ಆ ಉಬ್ಬಿನ ಮೇಲೊಂದು ಗೆರೆ ಸುತ್ತಿದರೆ ಯಂತ್ರ ಒಂದು ಅಂಕಿ ತೋರಿಸುತ್ತದೆ. ನೀರಿಗೆ ಸೊನ್ನೆ, ಕೊಬ್ಬಾದರೆ ಸೊನ್ನೆಗಿಂತ ಕೆಳಗೆ. ಅರ್ಧ ನಿಮಿಷದ ಕೆಲಸ. ನಾನು ಆ ಅರ್ಧ ನಿಮಿಷ ಕೊಡಲಿಲ್ಲ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರೆ ಹಿರಿಯರು. ನಾನು ಕಂಡದ್ದಷ್ಟನ್ನೇ ಹಿಡಿದು ಬಾಗಿಲು ತೆಗೆದೆ.

ನೀನು ಪ್ಯಾಸೇಜಿನಲ್ಲಿ ಗೋಡೆಗೆ ಆನಿಕೊಂಡು ನಿಂತಿದ್ದೆ. ಬಸಪ್ಪನವರು ಒಳಗೆ ಅಂಗಿ ತೊಡುತ್ತಿದ್ದರು.

'ಅಕ್ಕಾರ, ನೀವು ನಮ್ಮ ಮಂದಿ ಅದೀರಿ. ಮುಚ್ಚಿಡಬ್ಯಾಡ್ರಿ. ಎಷ್ಟನೇದ್ದೈತಿ?'

'ನಾಲ್ಕನೇದ್ದು ಅದ, ಶಾಂತವ್ವ. ಹೊಟ್ಟೀಗೆ ಹಬ್ಬೇದ.'

'ಆಪರೇಶನ್ ಮಾಡಸಿದ್ರ?'

'ಹಬ್ಬಿದ ಮ್ಯಾಲ ಕೊಯ್ದು ಏನ ಉಪಯೋಗಿಲ್ಲ. ಸುಮ್ಮನ ತ್ರಾಸು.'

ಆಪರೇಶನ್ ಮಾಡಿಸಿದರೆ ಎಂದಷ್ಟೇ ನೀನು ಕೇಳಿದ್ದು ಶಾಂತವ್ವ, ಅದಕ್ಕೆ ಉತ್ತರ ಕೊಡುವುದು ನನ್ನ ಕೆಲಸವಾಗಿರಲಿಲ್ಲ. 'ಡಾಕ್ಟರನ್ನ ಕೇಳ್ರಿ' ಎಂದಿದ್ದರೆ ಮುಗಿಯುತ್ತಿತ್ತು. ಯಂತ್ರದವಳು ನಾನು, ಚಿಕಿತ್ಸೆಯನ್ನೂ ಹೇಳಿದೆ. ಯಾಕೆ ಹೇಳಿದೆ? ಕನಿಕರದಿಂದ ಎಂದು ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅದು ಕನಿಕರವಲ್ಲ, ಜಂಬ. ನೀನು ದೇವರನ್ನು ನೋಡುವಂತೆ ನನ್ನ ಮುಖ ನೋಡುತ್ತಿದ್ದೆ, ನನಗೆ ಅದು ಬೇಕಾಗಿತ್ತು.

ಮರುದಿನ ಸಂಜೆ ವರದಿ ಬಂತು. ಓದಿದೆ. ಬಲ ಶ್ವಾಸಕೋಶದಲ್ಲಿ ಎರಡು ಪಾಯಿಂಟ್ ಎಂಟು ಸೆಂಟಿಮೀಟರಿನ ಅನುಮಾನದ ಗಂಟು, ಗ್ರಂಥಿಗಳು ಸರಿಯಾಗಿವೆ, ಹೊಟ್ಟೆಯಲ್ಲಿರುವುದು ನಿರುಪದ್ರವಿ ಕೊಬ್ಬಿನ ಉಬ್ಬು, ಸೂಜಿ ಹಾಕಿ ತುಣುಕು ತೆಗೆದು ಬೇಗ ಪರೀಕ್ಷೆ ಮಾಡಿಸಬೇಕು. ಅಂದರೆ, ಚಿತ್ರ ಹೇಳುವ ಮಟ್ಟಿಗೆ, ಮೊದಲನೇ ಹಂತ. ಕೊಯ್ದು ತೆಗೆಯಬಹುದಾದದ್ದು.

ಒಳಗೆ ಹೋಗಿ, ಸುಮ್ಮನೆ ಕೇಳುವವಳಂತೆ, ಆ ಎಡಗಡೆಯ ಉಬ್ಬಿನ ಬಗ್ಗೆ ಡಾಕ್ಟರನ್ನು ಕೇಳಿದೆ. ಅವರು ತಲೆ ಎತ್ತದೆ, 'ಅರೇ, ವೋ ತೋ ಚರಬೀ ಹೈ. ಪ್ಲೇನ್ ವಾಲಾ ದೇಖಾ ನಹೀಂ ಕ್ಯಾ?' ಎಂದರು — ಅದು ಕೊಬ್ಬು, ಪ್ಲೇನ್ ಚಿತ್ರ ನೋಡಲಿಲ್ಲವೇ ಎಂದು. ಔಷಧವಿಲ್ಲದ ಚಿತ್ರ ತೆರೆದು ಗೆರೆ ಸುತ್ತಿ ತೋರಿಸಿದರು. ಸೊನ್ನೆಗಿಂತ ಕೆಳಗಿತ್ತು. ಆಗಲೇ ಹೇಳಬಹುದಿತ್ತು — ಸರ್, ಅವರಿಗೆ ನಾನು ಬೇರೆಯೇ ಹೇಳಿಬಿಟ್ಟಿದ್ದೇನೆ ಎಂದು. 'ಹಾಂ ಸರ್' ಎಂದು ಹೊರಗೆ ಬಂದೆ.

ನೀವು ವರದಿ ಒಯ್ಯಲು ಬರುತ್ತೀರಿ, ಓದಿದ ಡಾಕ್ಟರೇ ಸರಿಯಾದದ್ದನ್ನು ಹೇಳುತ್ತಾರೆ, ನನ್ನ ಮಾತು ಗಾಳಿಗೆ ಹೋಗುತ್ತದೆ ಎಂದು ಕಾದೆ. ಆ ದಿನ ಬರಲಿಲ್ಲ, ಮರುದಿನವೂ ಬರಲಿಲ್ಲ. ಮೂರನೇ ದಿನ ಫೋನ್ ಮಾಡಿದೆ. ನೀನು ಎತ್ತಿದೆ, ರೈಲುಗಾಡಿಯ ಸದ್ದು ಕೇಳುತ್ತಿತ್ತು.

'ಸೋಲಾಪುರ ದಾಟೀವ್ರಿ ಅಕ್ಕಾರ. ಹೆಂಗೂ ಹೋಗೂ ಜೀವ, ನಮ್ಮ ಊರಾಗ ಹೋಗ್ಲಿ ಅಂದ್ರು ಅವ್ರು.'

'ಶಾಂತವ್ವ, ರಿಪೋರ್ಟ್ ಬಂದದ. ಅದನ್ನ ಒಂದು…'

'ಅದನ್ನ ತಗೊಂಡ ಏನ ಮಾಡೂದ್ರಿ? ನೀವ ನೋಡಿ ಹೇಳೀರಲ್ಲ. ನಮಗ ನಿಮ್ಮ ಮಾತ ರಿಪೋರ್ಟ್.'

ಆಗ ನಾನು ಏನು ಹೇಳಬೇಕಿತ್ತು ಎಂಬುದನ್ನು ಮುಲುಂಡಿನಿಂದ ಘಾಟ್ಕೋಪರಿನವರೆಗೆ ಲೋಕಲ್ ರೈಲಿನಲ್ಲಿ ನಿಂತು ಮನಸ್ಸಿನಲ್ಲೇ ಸಾವಿರ ಸಲ ಹೇಳಿದ್ದೇನೆ. ಇಳೀರಿ, ಮುಂದಿನ ಸ್ಟೇಷನ್ನಿನಾಗ ಇಳೀರಿ, ತಿರುಗಿ ಬರ್ರಿ, ನಂದು ತಪ್ಪಾಗೇದ. ಪಕ್ಕದ ನಾಹೂರ್ ಸ್ಟೇಷನ್ ಬರುವುದರೊಳಗೆ ಹೇಳಿ ಮುಗಿಯುತ್ತದೆ, ಅಷ್ಟು ಚಿಕ್ಕ ಮಾತು. ಅಂದು ನಾನು ಹೇಳಿದ್ದು, 'ಆತು. ಹುಷಾರಾಗಿ ಹೋಗಿ ಬರ್ರಿ.'

ನೌಕರಿ ಹೋಗುತ್ತದೆಂಬ ಹೆದರಿಕೆ. ಆಧೀ ಡಾಕ್ಟರಿನ ಮುಖಕ್ಕೆ ಮಸಿ ಹತ್ತುತ್ತದೆಂಬ ನಾಚಿಕೆ. ಇವು ಕಾರಣಗಳಲ್ಲ, ಒಬ್ಬ ಮನುಷ್ಯನ ಉಸಿರಿನ ಎದುರಿಗೆ ಇಟ್ಟು ತೂಗುವಂಥವಲ್ಲ. ಆದರೂ ಇದ್ದದ್ದು ಇವೇ.

ಅಲ್ಲಿಗಾದರೂ ಮುಗಿಯಿತೇ? ಊರಿನಿಂದ ನೀನು ಎರಡು ಸಲ ಫೋನ್ ಮಾಡಿದೆ. ಎರಡು ತಿಂಗಳಾದ ಮೇಲೆ ಒಮ್ಮೆ — 'ನಾಟಿ ಔಷಧ ಕೊಡಾಕತ್ತೀವ್ರಿ, ಊಟ ಹೋಗತೈತಿ, ಹೊಲಕ್ಕೂ ಹೋಗಿ ಬರ್ತಾರ.' ಹೊಲಕ್ಕೆ ಹೋಗಿ ಬರುವ ಮನುಷ್ಯ! ನಾಲ್ಕನೇ ಹಂತದವರು ಹಾಗಿರುತ್ತಾರೆಯೇ ಎಂದು ನೀನು ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಆಗಿನ್ನೂ ಹೊತ್ತು ಮೀರಿರಲಿಲ್ಲ, ಬಹುಶಃ. ಎಂಟು ತಿಂಗಳಿಗೆ ಮತ್ತೊಮ್ಮೆ — ಕೆಮ್ಮಿನಲ್ಲಿ ರಕ್ತ. 'ಏನ ಕೊಡ್ಲಿರಿ ಅಕ್ಕಾರ?' ಎಂದೆ ನೀನು. 'ಗಂಜಿ ಕೊಡು' ಎಂದೆ ನಾನು. ಗಂಜಿ ಕೊಡು! ನೆನೆದರೆ ನನ್ನ ನಾಲಿಗೆಯನ್ನೇ ಕಿತ್ತು ಎಸೆಯಬೇಕು ಅನ್ನಿಸುತ್ತದೆ.

ಒಂದೂವರೆ ವರ್ಷಕ್ಕೆ ಅವರು ಹೋದರು. ಆಪರೇಶನ್ ಆಗಿದ್ದರೆ ಉಳಿಯುತ್ತಿದ್ದರೇ? ಯಾರೂ ಬರೆದುಕೊಡುವುದಿಲ್ಲ. ಗಂಟು ಮೂರರ ಒಳಗಿದ್ದಾಗ, ಎಲ್ಲಿಗೂ ಹಾರದಿದ್ದಾಗ ಕೊಯ್ದು ತೆಗೆಸಿಕೊಂಡು ವರ್ಷಗಟ್ಟಲೆ ಬದುಕಿದವರನ್ನು ಅದೇ ಯಂತ್ರದ ಮೇಲೆ ನಾನೇ ಮಲಗಿಸಿದ್ದೇನೆ. ಬಸಪ್ಪನವರಿಗೂ ಆ ದಾರಿ ಇತ್ತು. ಅದನ್ನು ಮುಚ್ಚಿದವಳು ನಾನು.

ಆಮೇಲೆ ನೀನು ಮುಂಬೈಗೆ ತಿರುಗಿ ಬಂದೆ. ಬಿಲ್ಡಿಂಗಿನ ಮನೆಗಳಲ್ಲಿ ಚಪಾತಿ ಮಾಡುವ ಕೆಲಸ ಹಿಡಿದ ಮೇಲೆ ಒಂದು ಮಧ್ಯಾಹ್ನ ಸೆಂಟರಿಗೆ ಬಂದು, ಎಲ್ಲರೆದುರಿಗೇ ನನ್ನ ಕಾಲು ಮುಟ್ಟಿದೆ. ಡಬ್ಬಿಯಲ್ಲಿ ಶೇಂಗಾ ಹೋಳಿಗೆ. 'ನೀವು ಖರೇ ಹೇಳಿದ್ದಕ್ಕ ಅವ್ರು ದವಾಖಾನಿ ದವಾಖಾನಿ ತಿರುಗಲಿಲ್ರಿ, ಮನ್ಯಾಗ ನನ್ನ ತೊಡಿ ಮ್ಯಾಲ ಹೋದ್ರು' ಎಂದೆ. ನೀನು ಹೋದ ಮೇಲೆ ನಾನು ಆ ಹೋಳಿಗೆ ತಿಂದೆ, ಶಾಂತವ್ವ. ಎಸೆಯುವ ಧೈರ್ಯವೂ ಇರಲಿಲ್ಲ. ಸಂಗಡಿಗರು ರುಚಿಯಾಗಿದೆ ಅಂದರು, ಹೌದು ಅಂದೆ.

ಒಯ್ಯದೆ ಬಿಟ್ಟ ವರದಿಗಳನ್ನು ಕೆಲವು ತಿಂಗಳಾದ ಮೇಲೆ ಸೆಂಟರಿನವರು ಹರಿದು ಹಾಕುತ್ತಾರೆ. ಬಸಪ್ಪನವರದನ್ನು ಅದಕ್ಕೂ ಮೊದಲೇ ಯಾರಿಗೂ ಹೇಳದೆ ಮನೆಗೆ ತಂದಿದ್ದೆ. ಬೀರುವಿನಲ್ಲಿ ಇಟ್ಟೆ, ಅಲ್ಲಿಂದ ಹಾಸಿಗೆಯ ಕೆಳಗೆ, ಅಲ್ಲಿಂದ ದೇವರ ಗೂಡಿನ ಹಿಂದೆ. ಎಲ್ಲಿಟ್ಟರೂ ಅದು ಅಲ್ಲಿದೆ ಎಂಬುದು ಮರೆಯುವುದಿಲ್ಲ. ಅನ್ನ ಬಡಿಸುವಾಗ ಎದ್ದು ಹೋಗಿ ನೋಡಿ ಬರುತ್ತೇನೆ. ಯಾಕೆಂದು ನನ್ನ ಗಂಡ ಕೇಳಿ ಕೇಳಿ ಬೇಸತ್ತಿದ್ದಾರೆ.

ಹೀಗೇ ಇರುತ್ತಿದ್ದೆನೋ ಏನೋ. ಹೋದ ಸೋಮವಾರ ನಿನ್ನ ಫೋನ್ ಬಂತು.

'ಅಕ್ಕಾರ, ನನ್ನ ತಮ್ಮ ಮಲ್ಲಪ್ಪಗ ಎರಡ ತಿಂಗಳಾತು ಕೆಮ್ಮು. ಅವನೂ ಅದ ಫರಶಿ ಕೆಲಸದಾಂವ. ಸ್ಕ್ಯಾನ್ ಮಾಡಸ್ರಿ ಅಂದಾರ. ನಿಮ್ಮ ಪಾಳಿ ಇದ್ದ ದಿನಾನ ಕರ್ಕೊಂಡ ಬರ್ತೀನ್ರಿ. ಡಾಕ್ಟರ್ ಏನರ ಅನ್ಲಿ, ನೀವು ಹೂಂ ಅಂದ್ರ ಹೂಂ, ಊಹೂಂ ಅಂದ್ರ ಊಹೂಂ.'

ಪಾಳಿ ನೋಡಿ ಹೇಳುತ್ತೇನೆ ಎಂದು ಫೋನ್ ಇಟ್ಟೆ. ನಾಲ್ಕು ವರ್ಷ ನಾನು ಮುಚ್ಚಿಟ್ಟದ್ದು ನನ್ನ ತಪ್ಪೊಂದನ್ನೇ ಎಂದುಕೊಂಡಿದ್ದೆ. ಅದರ ನೆರಳಿನಲ್ಲಿ ನಿನ್ನ ನಂಬಿಕೆ ಬೆಳೆಯುತ್ತಲೇ ಇತ್ತು, ಈಗ ಅದು ಮಲ್ಲಪ್ಪನನ್ನು ಕೈ ಹಿಡಿದು ಕರೆದುಕೊಂಡು ಬರುತ್ತಿದೆ.

ನಿನ್ನೆ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು, ನಾಳೆಯಿಂದ ಯಂತ್ರ ಮುಟ್ಟಬೇಡಿ ಎಂದರು. ಮುಂದೆ ಏನೋ, ಅವರಿಗೆ ಬಿಟ್ಟದ್ದು. ನೀನು ದೂರು ಕೊಡುವುದಾದರೆ ಕೊಡು. ನಾನು ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ.

ಮಲ್ಲಪ್ಪನನ್ನು ತಡಮಾಡದೆ ಕರೆದುಕೊಂಡು ಹೋಗು. ಈ ಸೆಂಟರಿಗೆ ಮನಸ್ಸು ಒಪ್ಪದಿದ್ದರೆ ಬೇರೆ ಕಡೆಗೆ. ಬಾಗಿಲ ಹೊರಗೆ ಯಾರು ಯಾವ ಭಾಷೆಯಲ್ಲಿ ಏನೇ ಅಂದರೂ ಕಿವಿಗೆ ಹಾಕಿಕೊಳ್ಳಬೇಡ. ವರದಿ ಕೈಗೆ ಬರುವ ತನಕ ಕೂತಿರು, ಅದನ್ನು ಡಾಕ್ಟರಿಗೆ ತೋರಿಸು, ತಿಳಿಯದಿದ್ದರೆ ಮತ್ತೆ ಕೇಳು, ಗದರಿದರೂ ಕೇಳು.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ರವಿವಾರ ಬೆಳಗ್ಗೆ ನಿನ್ನ ಚಾಳಿನ ಮನೆಗೆ ನಾನೇ ತರುತ್ತೇನೆ, ಬಸಪ್ಪನವರ ವರದಿಯನ್ನೂ ತರುತ್ತೇನೆ. ಕೈಗೆ ಕೊಟ್ಟು ಓಡಿ ಬರುವುದಿಲ್ಲ. ನೀನು ಅಕ್ಷರ ಕೂಡಿಸಿ ಓದುವವಳು, ಹೊತ್ತು ಹಿಡಿಯುತ್ತದೆ. ಓದಿ ಮುಗಿಸಿ ನೀನು ತಲೆ ಎತ್ತುವವರೆಗೆ ಎದುರಿಗೆ ಕೂತಿರುತ್ತೇನೆ.