ಭಾವನ ಲೆನ್ಸು

ಡೊಂಬಿವಲಿಯ ರೇಷನ್ ಆಫೀಸಿನ ಗುಮಾಸ್ತ ಫಾರ್ಮಿನಿಂದ ತಲೆಯೆತ್ತಿ, "ಶ್ರೀಮತಿ... ಪುಢೇ ಕಾಯ್? ನಾವ್ ಸಾಂಗಾ" ಎಂದ. ಅವಳು "ಶ್ರೀಮತಿ" ಎಂದಳು. ಮುಂದೇನು, ಹೆಸರು ಹೇಳಿ ಎಂದು ಅವನು ಮೂರು ಸಲ ಕೇಳಿದ, ಇವಳು ಮೂರು ಸಲವೂ ಅದನ್ನೇ ಹೇಳಿದಳು. ಕೊನೆಗೆ ತಮ್ಮ ಮುರಾರಿ ನಡುವೆ ಬಾಯಿ ಹಾಕಿ, ಅದೇ ಅವಳ ಹೆಸರು ಎಂದು ಬಿಡಿಸಿ ಹೇಳಬೇಕಾಯಿತು. ಗುಮಾಸ್ತ ಹೊಟ್ಟೆ ಹಿಡಿದುಕೊಂಡು ನಕ್ಕ. ಮುಂದಿನ ಸಾಲಿನಲ್ಲಿ ಗಂಡನ ಹೆಸರಿನ ಹಿಂದೆ 'ಕೈಲಾಸವಾಸಿ' ಎಂದು ಬರೆಯಬೇಕಾಗಿ ಬಂದಾಗ ನಗು ನಿಲ್ಲಿಸಿದ.

ಗಂಡ ವಸಂತಕುಮಾರ ಉಡುಪಿಯ ಒಂದು ಸ್ಟುಡಿಯೋದಲ್ಲಿ ಫೋಟೋ ತೆಗೆಯುವ ಕೆಲಸಕ್ಕಿದ್ದ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಕಾಮಾಲೆಗೆ ತೀರಿಕೊಂಡ. ಅವನು ಬಿಟ್ಟುಹೋದ ಆಸ್ತಿ ಎಂದರೆ ಪಣಂಬೂರಿನ ಹಡಗಿನವನೊಬ್ಬನಿಂದ ಕೊಂಡಿದ್ದ ಒಂದು ರೇಂಜ್‌ಫೈಂಡರ್ ಕ್ಯಾಮೆರಾ. ಕಿಂಡಿಯಲ್ಲಿ ಕಾಣುವ ಎರಡು ಬಿಂಬ ಒಂದರ ಮೇಲೊಂದು ಕೂತರೆ ಫೋಕಸ್ ಆಯಿತೆಂದು ತಿಳಿಯುವ ಹಳೆಯ ಕಾಲದ ಯಂತ್ರ. ಅದರ ಮುಂದೆ ಐದು ರೂಪಾಯಿ ನಾಣ್ಯದಷ್ಟು ಗಾಜಿನ, ನೀಲಿ ಛಾಯೆಯ ಒಂದು ಪುಟ್ಟ ಲೆನ್ಸು. ಶ್ರೀಮತಿ ಅದನ್ನು ಸೀರೆಗಳ ನಡುವೆ ಸುತ್ತಿಟ್ಟುಕೊಂಡು, ಇಪ್ಪತ್ತೇಳರ ಪ್ರಾಯದಲ್ಲಿ ಡೊಂಬಿವಲಿಯ ತಮ್ಮನ ಮನೆಗೆ ಬಂದಳು. ಬಂದವಳು ಅಡಿಗೆಮನೆಗೆ ಹೋದಳು, ಮತ್ತೆ ಮೂವತ್ತು ವರ್ಷ ಅಲ್ಲಿಂದ ಹೊರಗೆ ಬಂದದ್ದು ಹೆಚ್ಚಾಗಿ ಫೋಟೋಕ್ಕೆ ನಿಲ್ಲಲಿಕ್ಕೆ.

ಮುರಾರಿ ತುರ್ಭೆಯ ಒಂದು ರಾಸಾಯನಿಕದ ಕಂಪನಿಯಲ್ಲಿ ಗುಮಾಸ್ತನಾಗಿ ಸೇರಿ ಆಫೀಸರ್ ಆದವನು. ಭಾವನ ಕ್ಯಾಮೆರಾದಿಂದಲೇ ಅವನಿಗೆ ಫೋಟೋದ ಹುಚ್ಚು ಹಿಡಿಯಿತು. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತರೂ ಬೇರೆ ಕ್ಯಾಮೆರಾಗಳಿಗೆ ಅರ್ಧ ಸಂಸಾರವೇ ಸಿಗುತ್ತಿರಲಿಲ್ಲ. ಈ ಲೆನ್ಸಿನದು ಅಗಲ ನೋಟ. ಚೌತಿಗೆ, ದೀಪಾವಳಿಗೆ, ಮಗಳು ಅನಘಳ ಹುಟ್ಟಿದಹಬ್ಬಕ್ಕೆ ಬಂದವರೆಲ್ಲ ಅದರೊಳಗೆ ಹಿಡಿಸುತ್ತಿದ್ದರು. ಶ್ರೀಮತಿ ಯಾವತ್ತೂ ಬಲಗಡೆಯ ತುದಿಯಲ್ಲಿ ನಿಲ್ಲುತ್ತಿದ್ದಳು. ಅಲ್ಲಿ ನಿಲ್ಲು ಎಂದು ಯಾರೂ ಹೇಳಿದವರಲ್ಲ. ಇಲ್ಲಿ ಬಾ ಎಂದೂ ಯಾರೂ ಹೇಳಲಿಲ್ಲ. ಗಂಡ ಸತ್ತವಳು ಶುಭದ ದಿನ ನಟ್ಟನಡುವೆ ನಿಲ್ಲುವುದಿಲ್ಲ ಎಂಬುದು ಮುಂಬಯಿಗೆ ಬಂದು ಎಷ್ಟು ಕಾಲವಾದರೂ ನಮ್ಮವರ ಕಾಲಿಗೆ ತನ್ನಷ್ಟಕ್ಕೇ ಗೊತ್ತಿರುತ್ತದೆ.

ಆದರೆ ಅವಳಿಗೆ ತುದಿಯ ದುಃಖ ಇರಲಿಲ್ಲ, ಏಕೆಂದರೆ ಅವಳು ನೋಡುತ್ತಿದ್ದದ್ದು ಆ ಗಾಜನ್ನು. ಉಳಿದವರು ನಗುತ್ತಿದ್ದರು, ಕಣ್ಣು ಮುಚ್ಚುತ್ತಿದ್ದರು, ಮಕ್ಕಳನ್ನು ಗದರುತ್ತಿದ್ದರು. ಇವಳು ಮಾತ್ರ ರೆಪ್ಪೆ ಹಾಕದೆ ಲೆನ್ಸಿನ ಒಳಗೇ ನೋಡುತ್ತಿದ್ದಳು. ಅವರು ಇದರಿಂದಲೇ ನನ್ನನ್ನು ನೋಡಿದ್ದು ಎಂಬುದು ಅವಳ ಎದೆಯಲ್ಲಿದ್ದ ಮಾತು. ಈಗಲೂ ಇದು ನನ್ನನ್ನು ನೋಡುತ್ತಿದೆ, ವರ್ಷಕ್ಕೆ ನಾಲ್ಕು ಸಲ. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ನಗುತ್ತಿದ್ದರೋ ಅಳುತ್ತಿದ್ದರೋ, ಎರಡೂ ಅವಳಿಗೆ ಬೇಡವಾಗಿತ್ತು. ಆಲ್ಬಮ್ ತೆಗೆದು ನೋಡಿದರೆ ತುದಿಯಲ್ಲಿ ಅವಳ ಮುಖ ಬೆರಳುಗುರಿನಷ್ಟೇ ಇದ್ದರೂ ಹುಬ್ಬಿನ ಕೂದಲವರೆಗೆ ಸ್ಪಷ್ಟ.

ಎರಡು ಸಾವಿರದ ಆರರಲ್ಲಿ ಕ್ಯಾಮೆರಾದ ಒಳಗಿನ ಶಟರಿನ ಪರದೆ ಹರಿಯಿತು. ರಿಪೇರಿ ಮಾಡುವವರು ಠಾಣೆಯಲ್ಲೂ ಇರಲಿಲ್ಲ, ಫೋರ್ಟಿನಲ್ಲೂ ಸಿಗಲಿಲ್ಲ. ಫಿಲ್ಮ್ ತೊಳೆಯುವ ಲ್ಯಾಬೂ ಮುಚ್ಚಿತು. ಮುರಾರಿ ಪುಟ್ಟ ಡಿಜಿಟಲ್ ಒಂದನ್ನು ತಂದ. ಲೆನ್ಸನ್ನು ಬಿಚ್ಚಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್‌ನ ಜೊತೆ ಇಟ್ಟರು. ಇಲ್ಲಿನ ಮಳೆಗಾಲಕ್ಕೆ ಗಾಜಿನ ಒಳಗೂ ಫಂಗಸ್ ಬರುತ್ತದೆ. ತೇವ ಕುಡಿದು ಆ ಹರಳುಗಳು ನೀಲಿಯಿಂದ ಗುಲಾಬಿಗೆ ತಿರುಗಿದಾಗ ಶ್ರೀಮತಿ ಅವನ್ನು ಹಳೆಯ ಕಾವಲಿಯ ಮೇಲೆ ಹಾಕಿ, ಸಣ್ಣ ಉರಿಯಲ್ಲಿ ಮತ್ತೆ ನೀಲಿಯಾಗುವವರೆಗೆ ಕೈಯಾಡಿಸಿ, ಆರಿಸಿ, ಡಬ್ಬಿಗೆ ತುಂಬುತ್ತಿದ್ದಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ, ಒಂಬತ್ತು ಮಳೆಗಾಲ. ಅಷ್ಟು ವರ್ಷ ಅವಳನ್ನು ಆ ಗಾಜು ನೋಡಲಿಲ್ಲ.

ಆಮೇಲೆ ಮಿರರ್‌ಲೆಸ್ ಕ್ಯಾಮೆರಾ ಬಂತು. ಮುರಾರಿಯ ಗೆಳೆಯ ಹಯಗ್ರೀವ, ಬ್ಯಾಂಕಿನಿಂದ ನಿವೃತ್ತರಾಗಿ ನೆರೂಳದಲ್ಲಿದ್ದವರು, ಒಂದು ಭಾನುವಾರ ಅದನ್ನು ಕುತ್ತಿಗೆಗೆ ಹಾಕಿಕೊಂಡೇ ಬಂದರು. ಒಳಗೆ ಕನ್ನಡಿ ಇಲ್ಲ, ಹಾಗಾಗಿ ತೆಳ್ಳಗಿದೆ, ಒಂದು ಅಡಾಪ್ಟರ್ ಹಾಕಿದರೆ ಎಂಥ ಹಳೆಯ ಲೆನ್ಸೂ ಕೂರುತ್ತದೆ ಎಂದರು. ಮುರಾರಿಯ ತೂಗಾಟ ಅಂದು ಶುರುವಾದದ್ದು ಒಂದೂವರೆ ವರ್ಷ ನಡೆಯಿತು. ಬೆಳಿಗ್ಗೆ ಠಾಣೆಯಲ್ಲಿ ಇಳಿದು ತುರ್ಭೆಯ ಗಾಡಿಗೆ ಕಾಯುವಾಗ ಮೊಬೈಲಿನಲ್ಲಿ ಅದನ್ನೇ ಓದುವುದು, ಸಂಜೆ ಊಟಕ್ಕೆ ಕೂತು ಅದನ್ನೇ ಹೇಳುವುದು.

"ಲೆನ್ಸ್ ಇಲ್ಲದ ಬರೀ ಕ್ಯಾಮೆರಾಕ್ಕೇ ಒಂದು ಲಕ್ಷ ಇಪ್ಪತ್ತು ಸಾವಿರ. ಅದರ ಕಂಪನಿಯದ್ದೇ ಲೆನ್ಸ್ ಬೇಕಾದರೆ ಮತ್ತೆ ಅರವತ್ತು. ಆದರೆ ನಮ್ಮ ಹತ್ರ ಭಾವನ ಲೆನ್ಸ್ ಉಂಟಲ್ಲ? ಅಡಾಪ್ಟರಿಗೆ ಎರಡು ಸಾವಿರ ಕೊಟ್ಟರೆ ಆಯ್ತು."

"ಕಣ್ಣಿಲ್ಲದ ಪೆಟ್ಟಿಗೆಗೆ ಒಂದು ಲಕ್ಷ ಇಪ್ಪತ್ತು ಸಾವಿರವಾ?" ಎಂದಳು ಹೆಂಡತಿ ಊರ್ಮಿಳಾ. "ಮಗಳ ಮದುವೆ ಮಾಡಲಿಕ್ಕೆ ಉಂಟು, ನೆನಪಿರಲಿ."

ಖರ್ಚಿನ ಮಾತಿಗೆ ಜನ್ಮದಲ್ಲಿ ಬಾಯಿ ಹಾಕದ ಶ್ರೀಮತಿ ಅಂದು ಸಾರಿನ ಸೌಟು ಹಿಡಿದುಕೊಂಡೇ, "ತೆಗೊಳ್ಳಲಿ ಊರ್ಮಿಳಾ. ಪೋಸ್ಟಾಫೀಸಿನಲ್ಲಿ ನನ್ನದು ಸ್ವಲ್ಪ ಉಂಟು, ನಾನೂ ಕೊಡ್ತೇನೆ" ಎಂದುಬಿಟ್ಟಳು. ಸೊಸೈಟಿಯ ಮನೆಗಳಿಗೆ ಚಕ್ಕುಲಿ, ಹಪ್ಪಳ ಮಾಡಿಕೊಟ್ಟು ಕೂಡಿಸಿದ್ದು. ಇಬ್ಬರೂ ಅವಳ ಮುಖ ನೋಡಿದರು. ಅಕ್ಕನಿಗೆ ತಮ್ಮನ ಮೇಲೆ ಎಷ್ಟು ಮಮತೆ ಎಂದು ಮುರಾರಿಯ ಕಣ್ಣು ತುಂಬಿ ಬಂತು. ಮಮತೆ ಇದ್ದದ್ದು ಸುಳ್ಳಲ್ಲ. ಆದರೆ ಆ ಹಣ ಅದಕ್ಕಾಗಿ ಹೋದದ್ದಲ್ಲ.

ಕ್ಯಾಮೆರಾ ಬಂತು, ಅಡಾಪ್ಟರ್ ಬಂತು, ಡಬ್ಬಿಯಿಂದ ಲೆನ್ಸು ಹೊರಬಂತು. ಮುರಾರಿ ಅನಘಳನ್ನು ಕಿಟಕಿಯ ಹತ್ತಿರ ಕೂರಿಸಿ ನಟ್ಟನಡುವೆ ಅವಳ ಮುಖ ಹಿಡಿದು ತೆಗೆದ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದರೆ ಅವಳ ಕಣ್ಣಿನ ಪಾಪೆಯಲ್ಲಿ ಕಿಟಕಿಯ ಸರಳುಗಳನ್ನೇ ಎಣಿಸಬಹುದಿತ್ತು. ಕೊಟ್ಟ ದುಡ್ಡು ವಸೂಲು ಎಂದು ಅವನು ಕುಣಿದಾಡಿದ. ಒಂದೂವರೆ ವರ್ಷ ತೂಗಿ ಅಳೆದವನಿಗೆ ಅಂಚಿನಲ್ಲಿ ಒಬ್ಬರನ್ನು ನಿಲ್ಲಿಸಿ ನೋಡಬೇಕೆಂದು ತೋಚಲಿಲ್ಲ.

ಎರಡು ಸಾವಿರದ ಹದಿನಾರರ ಫೆಬ್ರವರಿಯಲ್ಲಿ ಅನಘಳ ನಿಶ್ಚಿತಾರ್ಥ, ಡೊಂಬಿವಲಿ ಪೂರ್ವದ ಒಂದು ಮದುವೆ ಹಾಲಿನಲ್ಲಿ. ಊಟಕ್ಕೆ ಮುಂಚೆ ಎರಡೂ ಕಡೆಯವರನ್ನು ಸೇರಿಸಿ ಮೂವತ್ತು ಮಂದಿಯ ಗ್ರೂಪ್ ಫೋಟೋ. ಶ್ರೀಮತಿ ಕೈ ಒರೆಸಿಕೊಂಡು ಬಂದು ಬಲಗಡೆಯ ತುದಿಗೆ ನಿಂತಳು. ಮುರಾರಿ ಕ್ಯಾಮೆರಾ ಎತ್ತಿದ. ಹತ್ತು ವರ್ಷದ ಮೇಲೆ ಆ ನೀಲಿ ಗಾಜು ಅವಳ ಕಡೆ ತಿರುಗಿತ್ತು. ಅವಳ ಎದೆ ಹೊಸ ಮದುವಣಗಿತ್ತಿಯ ಎದೆಯ ಹಾಗೆ ಹೊಡೆದುಕೊಂಡಿತು, ಐವತ್ತೇಳನೆಯ ವಯಸ್ಸಿನಲ್ಲಿ. ಅವಳು ನೆಟ್ಟಗೆ ನಿಂತು ನೋಡಿದಳು.

ಮರುದಿನ ಸಂಜೆ ಫೋಟೋಗಳು ಟೀವಿಯ ಮೇಲೆ ಬಂದವು. ನಡುವೆ ಅನಘ, ಅವಳ ಹುಡುಗ, ಊರ್ಮಿಳಾಳ ಸೀರೆಯ ಜರಿಯ ಒಂದೊಂದು ಎಳೆ. ಎಲ್ಲರೂ ಆಹಾ ಎಂದರು. ಶ್ರೀಮತಿ ಕನ್ನಡಕ ಸರಿಮಾಡಿಕೊಂಡು ಬಲಗಡೆಗೆ ನೋಡಿದಳು. ತುದಿಯಲ್ಲಿ ಒಂದು ಸೀರೆ ಇತ್ತು. ಅದರ ಮೇಲೆ ಮುಖ ಇರಬೇಕಾದಲ್ಲಿ ಒದ್ದೆ ಬಟ್ಟೆಯಲ್ಲಿ ಒರೆಸಿದಂಥ ಒಂದು ಕಲೆ, ನೇರಳೆ ಬಣ್ಣದ್ದು. ಕಣ್ಣಿರಲಿಲ್ಲ.

"ಅರೆ, ಅತ್ತೆ ಕಹಾಂ ಹೈ ಇಸ್ ಮೇಂ?" ಎಂದು ಅನಘ ಚಿತ್ರದಲ್ಲಿ ಅತ್ತೆಯನ್ನು ಹುಡುಕಿದಳು. ಕನ್ನಡ ಅರ್ಥವಾಗುತ್ತಿತ್ತು ಅವಳಿಗೆ, ಆದರೆ ಬಾಯಿಗೆ ಬರುತ್ತಿದ್ದದ್ದು ಹಿಂದಿ.

ಮುರಾರಿ ಎದ್ದು ಹೋಗಿ ಟೀವಿಗೆ ಮುಖ ಹಚ್ಚಿ ನೋಡಿದ, ಹಯಗ್ರೀವರಿಗೆ ಫೋನು ಹಚ್ಚಿದ. ಸ್ಪೀಕರಿನಲ್ಲಿ ಅವರ ಧ್ವನಿ ಎಲ್ಲರಿಗೂ ಕೇಳಿಸಿತು.

"ಅದು ಹಾಗೇ ಮಾರಾಯ್ರೆ. ಹಳೇ ಅಗಲದ ಲೆನ್ಸಿನ ಹಿಂದಿನ ಗಾಜು ತೀರ ಒಳಗೆ ಹೋಗಿ ಕೂರ್ತದೆ. ಅಂಚಿಗೆ ಬೆಳಕು ಓರೆಯಾಗಿ ಬೀಳ್ತದೆ. ಫಿಲ್ಮಿಗೆ ಅದು ಲೆಕ್ಕವೇ ಅಲ್ಲ. ಹೊಸದರಲ್ಲಿ ಫಿಲ್ಮಿನ ಬದಲು ಇರುವ ಸೆನ್ಸರಿನ ಮೇಲೆ ದಪ್ಪ ಗಾಜು ಉಂಟಲ್ಲ, ಓರೆ ಬೆಳಕು ಅದರಲ್ಲಿ ಕಲಸಿ ಹೋಗ್ತದೆ. ಎರಡೂ ಕಡೆ ಕತ್ತರಿಸಿ ಪ್ರಿಂಟ್ ಹಾಕಿ, ಗೊತ್ತೇ ಆಗುವುದಿಲ್ಲ. ಅಂಚಿನಲ್ಲಿ ಹೇಗೂ ಯಾರಿರ್ತಾರೆ?"

ಕತ್ತರಿಸಿದರು. ಎಡಗಡೆ ಹೋದವನು ಹುಡುಗನ ಕಡೆಯ ಕಾರಿನ ಡ್ರೈವರ್. ಬಲಗಡೆ ಹೋದವಳು ಹೆಣ್ಣಿನ ಸೋದರತ್ತೆ. ಪ್ರಿಂಟು ಚೌಕಟ್ಟು ಹಾಕಿಸಿಕೊಂಡು ಮನೆಯ ಹಾಲಿನ ಗೋಡೆಯೇರಿತು. ಶ್ರೀಮತಿ ದಿನಾ ಅದರ ಕೆಳಗೆ ಗುಡಿಸುತ್ತಿದ್ದಳು. ಅವಳಿಗೆ ಉರಿದದ್ದು ತನ್ನನ್ನು ಕತ್ತರಿಸಿದ್ದಕ್ಕಲ್ಲ. ಅಷ್ಟು ವರ್ಷ ಕಾದು ಕೊನೆಗೂ ಎದುರು ನಿಂತಾಗ ಆ ಗಾಜು ತನ್ನ ಗುರುತು ಹಿಡಿಯಲಿಲ್ಲವಲ್ಲ ಎಂದು.

ತಿಂಗಳೊಪ್ಪತ್ತಿನಲ್ಲಿ ಮುರಾರಿ ಮತ್ತೆ ತೂಗಲು ಕೂತ. ಮದುವೆಗೆ ಮುಂಚೆ ಸರಿಯಾದ ಲೆನ್ಸ್ ಬೇಕು. ಹಳೆಯದಕ್ಕೆ ಈಗ ಬೆಲೆ ಬಂದಿದೆ, ಹುಡುಕಿಕೊಂಡು ಕೊಳ್ಳುವ ಹುಚ್ಚರಿದ್ದಾರೆ, ಕಾಮೋಠೆಯವನೊಬ್ಬ ನಲವತ್ತು ಸಾವಿರ ಕೊಡುತ್ತೇನೆ ಎನ್ನುತ್ತಾನೆ. ಒಂದು ಗುರುವಾರ ಸಂಜೆ ಅವನು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತ.

"ಅಕ್ಕ, ಭಾವನ ಲೆನ್ಸ್ ಕೊಡುವುದಾ ಅಂತ. ನಿನ್ನದು ಅದು, ನೀನು ಹೇಳಿದರೆ ಮಾತ್ರ."

ಶ್ರೀಮತಿ ಹೆಚ್ಚುತ್ತಿದ್ದ ಸೌತೆಕಾಯಿಯಿಂದ ತಲೆ ಎತ್ತದೆ, "ನಿನ್ನಿಷ್ಟ" ಎಂದಳು.

ನಮ್ಮ ಮನೆಗಳ ಹೆಂಗಸರು 'ನಿನ್ನಿಷ್ಟ' ಎಂದರೆ ಅದು 'ಬೇಡ' ಎಂದು ಗಂಡಸರಿಗೆ ಯಾರೂ ಕಲಿಸಿಲ್ಲ. ಬೇಡ ಎನ್ನುವ ಅಧಿಕಾರ ತನಗಿದೆ ಎಂದು ಹೆಂಗಸರಿಗೂ ಯಾರೂ ಕಲಿಸಿಲ್ಲ. ಮುರಾರಿ ತಲೆಯಾಡಿಸಿದ. ಅವನು ತಿರುಗುವಷ್ಟರಲ್ಲಿ ಅವಳು ಇನ್ನೊಂದು ಮಾತು ಆಡಿದಳು, ಅದಕ್ಕೆ ಅವಳು ಎಷ್ಟು ಧೈರ್ಯ ಒಟ್ಟುಮಾಡಿದ್ದಳೋ ಅವಳಿಗೇ ಗೊತ್ತು.

"ನನ್ನದೊಂದು ಫೋಟೋ ತೆಗಿ ಮುರಾರಿ. ನನ್ನೊಬ್ಬಳದೇ. ನಡುವಿನಲ್ಲಿ ಕೂರಿಸಿ."

ಅಕ್ಕ ಬಾಯಿ ಬಿಟ್ಟು ಕೇಳಿದ ಮೊದಲ ವಸ್ತು ಅದು. "ಭಾನುವಾರ ತೆಗೆಯುವ ಅಕ್ಕ, ಒಳ್ಳೇದೇ ತೆಗೀತೇನೆ, ನೋಡು" ಎಂದ. ಕೊಡುವ ಮೊದಲು ತೆಗಿ ಎಂದು ಅವಳು ಹೇಳಲಿಲ್ಲ. ಅದನ್ನು ಬೇರೆ ಹೇಳಬೇಕೆಂದು ಅವಳಿಗೆ ಅನ್ನಿಸಲಿಲ್ಲ.

ಭಾನುವಾರ ಹತ್ತು ಗಂಟೆಗೆ ಬಾಲ್ಕನಿಯ ಬೆಳಕಿಗೆ ಕುರ್ಚಿ ಹಾಕಿದರು. ಶ್ರೀಮತಿ ಅನಘ ಕೊಟ್ಟಿದ್ದ ಹೊಸ ಸೀರೆ ಉಟ್ಟಿದ್ದಳು. ಊರ್ಮಿಳಾ ತಾನೇ ನೆರಿಗೆ ಸರಿಮಾಡಿ, "ಅತ್ತಿಗೆ, ಬಣ್ಣ ನಿಮಗೆ ಎಷ್ಟು ಒಪ್ತದೆ!" ಎಂದಳು. ನಡುವಿನಲ್ಲಿ ಕೂತರೆ ಗಾಜು ಗುರುತು ಹಿಡಿಯುತ್ತದೆ, ಅನಘಳ ಕಣ್ಣಿನಲ್ಲಿ ಕಿಟಕಿ ಕಂಡ ಹಾಗೆ ತನ್ನ ಕಣ್ಣಿನಲ್ಲಿ ಇರುವುದನ್ನೂ ಅದು ಕಾಣುತ್ತದೆ. ಒಂದೇ ಸಲ ಸಾಕು, ಆಮೇಲೆ ಎಲ್ಲಿಗೆ ಬೇಕಾದರೂ ಹೋಗಲಿ. ಹಾಗೆಂದುಕೊಂಡು ಅವಳು ಕೈಗಳನ್ನು ಮಡಿಲಿನಲ್ಲಿಟ್ಟುಕೊಂಡಳು.

"ಅಕ್ಕ, ಇಲ್ಲಿ ನೋಡು."

ನೋಡಿದಳು. ದೊಡ್ಡ ಬಾಯಿಯ, ಹಸಿರು ಹೊಳಪಿನ, ಪರಿಚಯವೇ ಇಲ್ಲದ ಒಂದು ಗಾಜು ಅವಳನ್ನು ನೋಡುತ್ತಿತ್ತು.

"ಇದ್ಯಾವುದು?"

"ಹೊಸದು ಅಕ್ಕ, ನಿನ್ನೆ ತಂದದ್ದು. ನಿನ್ನದೇ ಮೊದಲನೇ ಫೋಟೋ."

"ಅದು?"

"ಶುಕ್ರವಾರವೇ ತುರ್ಭೆ ಸ್ಟೇಷನ್ನಿನಲ್ಲಿ ಕಾಮೋಠೆಯವನಿಗೆ ಕೊಟ್ಟೆನಲ್ಲ. ಟಾರ್ಚ್ ಹಾಕಿ ನೋಡಿದ, ಒಂದು ಚೂರು ಫಂಗಸ್ ಇಲ್ಲ ಅಂತ ಐದು ಸಾವಿರ ಹೆಚ್ಚೇ ಕೊಟ್ಟ. ಎಲ್ಲ ನೀನು ಕಾಪಾಡಿದ್ದು." ಮುರಾರಿಯ ಧ್ವನಿಯಲ್ಲಿ ಪ್ರೀತಿ ಬಿಟ್ಟು ಬೇರೇನೂ ಇರಲಿಲ್ಲ. "ನಿನ್ನ ಮುಖ ಆ ಹಾಳು ಲೆನ್ಸಿನಲ್ಲಿ ತೆಗೆಯಲಿಕ್ಕೆ ಉಂಟಾ?"

ಶ್ರೀಮತಿಗೆ ಕೂಗಬೇಕೆನಿಸಿತು. ಯಾರ ಮೇಲೆ ಕೂಗುವುದು? ಅವಳು ಮಗಳನ್ನು ಕೊಟ್ಟ ಮನೆಯನ್ನು ವಿಚಾರಿಸುವ ಹಾಗೆ ಕೇಳಿದಳು.

"ಅವನ ಮನೆಯಲ್ಲಿ ಯಾರು ಯಾರು ಇದ್ದಾರೆ?"

"ಅದೆಲ್ಲ ಯಾರು ಕೇಳ್ತಾರೆ ಅಕ್ಕ!" ಎಂದು ಮುರಾರಿ ನಕ್ಕ, ಆ ನಗುವಿನಲ್ಲೇ ಬಟನ್ ಒತ್ತಿದ.

ಫೋಟೋ ಬಹಳ ಚೆನ್ನಾಗಿ ಬಂತು. ಒಂದೊಂದು ಸುಕ್ಕು, ಒಂದೊಂದು ಬಿಳಿಕೂದಲು. ಊರ್ಮಿಳಾ, "ಇದನ್ನೇ ದೊಡ್ಡದು ಮಾಡಿಸಿ ಇಡುವ ಅತ್ತಿಗೆ, ಮುಂದೆ..." ಎಂದು ಹೇಳಹೊರಟು ನಾಲಿಗೆ ಕಚ್ಚಿಕೊಂಡಳು. ಮುಂದೆ ಯಾತಕ್ಕೆ ಬೇಕಾಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

"ಬೇಡ," ಎಂದಳು ಶ್ರೀಮತಿ. ಎಲ್ಲರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ. "ಇದು ಬೇಡ. ನಾನು ಸತ್ತರೆ ಹಳೇ ಆಲ್ಬಮ್ಮಿನದು ಯಾವುದಾದರೂ ಹಾಕಿ. ತುದಿಯಲ್ಲಿ ನಿಂತದ್ದು ಎಷ್ಟೋ ಉಂಟು, ಅದರಿಂದ ನನ್ನನ್ನು ಕತ್ತರಿಸಿ ತೆಗೀರಿ."

ಸಾವಿನ ಮಾತು ಯಾಕೆ ಅಕ್ಕ ಎಂದ ಮುರಾರಿ. ಆಯ್ತು, ಹಾಗೇ ಮಾಡುವ ಎಂದೂ ಹೇಳಿದ.

ಎರಡು ಸಾವಿರದ ಹದಿನೆಂಟರ ಮಳೆಗಾಲದಲ್ಲಿ ಅವಳು ನ್ಯುಮೋನಿಯಾದಿಂದ ತೀರಿಕೊಂಡಳು. ಹನ್ನೆರಡನೆಯ ದಿನ ಮುರಾರಿ ಆಲ್ಬಮ್ಮುಗಳನ್ನೆಲ್ಲ ಇಳಿಸಿ, ಒಂದೊಂದೇ ಪುಟ ತಿರುವಿ, ಪ್ರಾಮಾಣಿಕವಾಗಿಯೇ ಹುಡುಕಿದ. ಎಲ್ಲದರಲ್ಲೂ ಅಕ್ಕ ಅವನನ್ನೇ ನೋಡುತ್ತಿದ್ದಂತಿತ್ತು. ಆದರೆ ಮುಖ ಬಲು ಸಣ್ಣದು, ದೊಡ್ಡದು ಮಾಡಿದರೆ ಒಡೆಯುತ್ತದೆ. ಹದಿಮೂರನೆಯ ದಿನ ಹಾರ ಹಾಕಿದ್ದು ಹೊಸ ಲೆನ್ಸಿನ ಫೋಟೋಕ್ಕೆ.