ಏಳು ಗಂಟೆಯ ಒನಕೆ ಸದ್ದು

ಮಲಾವಿ ಸರೋವರದ ಆ ದಂಡೆಯಲ್ಲಿ ಎನಿಫಾಳ ಮುಖ ಕಂಡವರಿಗಿಂತ ದನಿ ಕೇಳಿದವರೇ ಹೆಚ್ಚು. ರೇಡಿಯೋಗೆ ಬರುವ ಮೊದಲು ಅವಳು ಸಂತೆಯಲ್ಲಿ ಉಸಿಪಾ ಅನ್ನುವ ಪುಟ್ಟ ಒಣಮೀನು ಮಾರುತ್ತಿದ್ದಳು. ಅವಳು ಕೂಗಿದರೆ ದೋಣಿ ಎಳೆಯುತ್ತಿದ್ದ ಗಂಡಸರೂ ಕೈಬಿಟ್ಟು ತಿರುಗಿ ನೋಡುತ್ತಿದ್ದರು. ಗಂಡ ತೀರಿಕೊಂಡ ಮೇಲೆ ತನಗೂ ಎಚ್‌ಐವಿ ಇದೆಯೆಂದು ತಿಳಿದಾಗ ಅಂಥವಳೂ ಒಂದು ಮಳೆಗಾಲವಿಡೀ ಬಾಯಿ ಹೊಲಿದುಕೊಂಡು ಕೂತಳು. ಕೊನೆಗೆ ಅವಳಿಗೇ ಸಾಕಾಯಿತು. ಗುಡ್ಡದ ಮೇಲೆ ಹೊಸದಾಗಿ ಶುರುವಾಗಿದ್ದ ಸಮುದಾಯ ರೇಡಿಯೋ ಕೇಂದ್ರಕ್ಕೆ ಹತ್ತಿ ಹೋಗಿ, ಅದನ್ನು ನಡೆಸುತ್ತಿದ್ದ ವೈಸನ್‌ನ ಎದುರು ನಿಂತಳು.

"ನಂಗೆ ಮಾತಾಡೋಕೆ ಬಿಡಪ್ಪ. ಮೀನು ಮಾರಿದ ಗಂಟಲು ಇದು, ಮೈಕ್ ಕೆಟ್ಟೋದ್ರೂ ಕೆಲಸ ನಿಲ್ಲಲ್ಲ."

ಆ ಸಂಜೆ ತನ್ನ ಹೆಸರು, ತಾಯಿಯ ಊರು, ತನ್ನ ಕಾಯಿಲೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಕೆಲವರು ರೇಡಿಯೋ ಆರಿಸಿದರು, ಹೆಚ್ಚಿನವರು ದನಿ ಜೋರು ಮಾಡಿಕೊಂಡು ಕೇಳಿದರು. ಅಂದಿನಿಂದ ಅವಳದು ಒಂದೇ ಹಟ: ಮುಚ್ಚಿಡಬೇಡಿ, ಹೇಳಿಬಿಡಿ. ಹೇಳಿ ಹಗುರಾದವರಿಗೆ ಉಳಿದವರೂ ಹಾಗೇ ಹಗುರಾಗುತ್ತಾರೆ ಅನ್ನಿಸುವುದು ಸಹಜ. ಎಲ್ಲರ ಮನೆಯೂ ತನ್ನ ಮನೆಯಂತಲ್ಲ ಅನ್ನುವುದು ಆಗ ಅವಳ ತಲೆಗೆ ಬರಲಿಲ್ಲ.

ರೇಡಿಯೋದಲ್ಲಿ ಒನಕೆ ಸದ್ದು ಹಾಕುವುದು ಅವಳದೇ ಉಪಾಯ. ಆ ಕಾಯಿಲೆಯ ಮಾತ್ರೆಯನ್ನು ದಿನವೂ ಒಂದೇ ಹೊತ್ತಿಗೆ ನುಂಗಬೇಕು. ಬಲೆ, ಮೀನು, ಮಕ್ಕಳ ಗಲಾಟೆಯಲ್ಲಿ ಹೊತ್ತು ನೆನಪಿಡುವವರು ಯಾರು? ಎನಿಫಾ ತನ್ನ ತಾಯಿ ಜೋಳ ಕುಟ್ಟುವ ಸದ್ದನ್ನು ರೆಕಾರ್ಡ್ ಮಾಡಿ ತಂದು, ಸಂಜೆ ಏಳಕ್ಕೆ ಸರಿಯಾಗಿ ಹಾಕುವಂತೆ ವೈಸನ್‌ಗೆ ಹೇಳಿದಳು. ಧುಮ್, ಧುಮ್, ಧುಮ್, ಅಷ್ಟೇ, ಮಾತಿಲ್ಲ. ಊರಲ್ಲಿ ಹಗಲೆಲ್ಲ ಕೇಳುವ ಸದ್ದು, ಯಾರಿಗೂ ಗುಮಾನಿ ಬಾರದು ಎಂದು ಅವಳ ಲೆಕ್ಕಾಚಾರ. ಆಸ್ಪತ್ರೆಗೆ ಮಾತ್ರೆಗೆ ಬರುವವರ ಕಿವಿಯಲ್ಲಿ ಮಾತ್ರ ಅದರ ಅರ್ಥ ಉಸುರಿದಳು. ಅಷ್ಟೊಂದು ಕಿವಿಗಳಲ್ಲಿ ಉಸುರಿದ ಗುಟ್ಟು ಗುಟ್ಟಾಗಿ ಉಳಿಯುತ್ತದೆಂದು ನಂಬಿದ್ದಕ್ಕೆ ಅವಳನ್ನು ಏನನ್ನಬೇಕೋ ತಿಳಿಯದು.

ಚಿಸೆಂಬೆ ಎಂಬ ಮೀನುಗಾರರ ಊರಿನಿಂದ ಮಾತ್ರೆಗೆ ಯಾರೂ ಬರುತ್ತಿಲ್ಲ ಎಂದು ಆಸ್ಪತ್ರೆಯ ನರ್ಸ್ ಹೇಳಿದಾಗ ಎನಿಫಾಳಿಗೆ ಮೊದಲು ನೆನಪಾದದ್ದು ಆ ಊರಿನ ಹುಡುಗಿ ಫಲೇಸಿ. ಅವಳನ್ನು ಕೈಹಿಡಿದು ರಕ್ತ ಪರೀಕ್ಷೆಗೆ ಕರೆತಂದವಳು ಎನಿಫಾಳೇ. ಹುಡುಗಿ ಈಗ ಬಸುರಿ. ಮಾತ್ರೆ ನಿಲ್ಲಿಸಿದರೆ ಅವಳೂ ಉಳಿಯುವುದು ಕಷ್ಟ, ಕಾಯಿಲೆ ಹೊಟ್ಟೆಯೊಳಗಿನ ಕೂಸಿಗೂ ಹತ್ತಬಹುದು. ಮರುದಿನವೇ ಎನಿಫಾ ಚಿಸೆಂಬೆಗೆ ಹೊರಟಳು.

ಅಲ್ಲಿ ಸಂಜೆ ಊರೆಲ್ಲ ಸೇರಿ ರೇಡಿಯೋ ಕೇಳುವುದು ಫಲೇಸಿಯ ಅಜ್ಜಿ ನಸಿಬೆಕೊಳ ಅಂಗಳದಲ್ಲಿ. ರೇಡಿಯೋ ಅಜ್ಜಿಯ ಮಡಿಲಿನಲ್ಲೇ ಇರುತ್ತದೆ, ಬೇರೆಯವರು ಮುಟ್ಟುವಂತಿಲ್ಲ. ಎನಿಫಾ ಹೋಗಿ ಚಾಪೆಯ ಮೇಲೆ ಕೂತಳು. ನಗು, ಕೀಟಲೆ, ಬೈಗುಳ ಎಲ್ಲವೂ ನಡೆದಿತ್ತು. ಒನಕೆ ಬಡಿಯಿತು.

ಅಂಗಳ ಕಲ್ಲಾಯಿತು. ತುರಿಸಿಕೊಳ್ಳುತ್ತಿದ್ದವನ ಕೈ ಬೆನ್ನ ಮೇಲೇ ನಿಂತಿತು. ಏಳಲು ಮೊಣಕಾಲೂರಿದ್ದ ಹೆಂಗಸೊಬ್ಬಳು ಮೆಲ್ಲಗೆ ಮತ್ತೆ ಕುಕ್ಕರಿಸಿದಳು. ಮಗುವೊಂದು ನೀರು ಕೇಳಿದ್ದಕ್ಕೆ ತಾಯಿ ಅದರ ಬಾಯಿ ಮುಚ್ಚಿದಳು. ಎಲ್ಲರ ಕಣ್ಣೂ ಎಲ್ಲರ ಮೇಲೆ: ಯಾರು ಏಳುತ್ತಾರೆ? ಆ ಹೊತ್ತಿಗೆ ಎದ್ದು ಮಾತ್ರೆ ನುಂಗಬೇಕಾದವರು ಅಲ್ಲಿ ಯಾರು ಯಾರೆಂದು ಎನಿಫಾಳಿಗೆ ಗೊತ್ತಿತ್ತು. ಅವರೂ ಕದಲಲಿಲ್ಲ. ಒನಕೆ ನಿಂತ ಮೇಲೆ ಎಲ್ಲರೂ ಒಟ್ಟಿಗೆ ಕೆಮ್ಮಿ, ಮತ್ತೆ ಮಾತಿಗಿಳಿದರು.

ಬೆಳಿಗ್ಗೆ ಮೀನು ಹರವುವ ಅಟ್ಟಣೆಯ ಬಳಿ ಫಲೇಸಿ ಸಿಕ್ಕಳು.

"ಒಂದಿನ ಒನಕೆ ಬಡಿದಾಗ ಮರೆತು ಎದ್ದುಬಿಟ್ಟೆ ಅಕ್ಕಾ," ಅಂದಳು, ಮೀನು ಆರಿಸುತ್ತಲೇ. "ಎಲ್ರೂ ನೋಡಿದ್ರು. ಮಾರನೇ ಬೆಳಿಗ್ಗೆ ನನ್ ಗಂಡ ಚಾಪೆ ಸುತ್ಕೊಂಡು ಅವರಮ್ಮನ ಊರಿಗೆ ಹೊರಟ. ಮಾತ್ರೆ ಮನೇಲೇ ಇದೆ, ಅವಾಗಿಂದ ನಾನು ಮುಟ್ಟಿಲ್ಲ. ಎದ್ದೇಳೋದು ಕಾಣ್ದೇ ಇದ್ರೆ ಜನ ಮರೀತಾರೆ, ಅವ್ನೂ ಬರ್ತಾನೆ."

"ನೀನೇ ಹೇಳ್ಬಿಡೇ. ನಾನು ಹೇಳ್ಲಿಲ್ವಾ?"

"ನಿನ್ ಗಂಡ ಆಗ್ಲೇ ಸತ್ತಿದ್ದ ಅಕ್ಕಾ. ಬಿಟ್ಟೋಗೋಕೆ ಯಾರಿದ್ರು?"

ಎನಿಫಾಳಿಗೆ ಆ ಮಾತು ನೆಟ್ಟಗೆ ನಾಟಿತು. "ಹಾಗಾದ್ರೆ ಒನಕೆನೇ ನಿಲ್ಲಿಸಿಬಿಡ್ಲಾ?"

"ನಿಲ್ಸಿದ್ರೆ ಕೊನೇಗೆ ಎದ್ದವಳು ನಾನೇ ಅಂತ ಜನರ ತಲೇಲಿ ಉಳ್ಕೊಳುತ್ತೆ. ಏನೂ ಮಾಡ್ಬೇಡ, ಹೋಗು."

ಅಂಗಳದಲ್ಲಿ ನಸಿಬೆಕೊ ಕಾದು ಕೂತಿದ್ದಳು. "ಬಂದ್ಯಾ ತಾಯಿ. ನನ್ನ ಮೊಮ್ಮಗಳನ್ನ ಊರ ಮುಂದೆ ಎದ್ದು ನಿಲ್ಸಿದ ಮಹಾತಾಯಿ. ಇನ್ನು ಯಾರ ಮನೆ ಮುರಿಯೋಕೆ ಹೊರಟಿದ್ದೀಯ?"

ಎನಿಫಾ ಎದುರಿಗೆ ಮಂಡಿಯೂರಿ ಕೂತು, ಕೂಸಿಗೆ ಏನಾಗಬಹುದು ಎಂದಷ್ಟೇ ಹೇಳಿದಳು. ಆಮೇಲೆ, "ಅಜ್ಜಿ, ಎಲ್ರೂ ಎದ್ರೆ ಯಾರು ಎದ್ರು ಅಂತ ಯಾರಿಗೆ ಗೊತ್ತಾಗುತ್ತೆ? ಮೊದ್ಲು ಒಬ್ರು ಏಳ್ಬೇಕು. ನಿಮ್ಮ ಅಂಗಳ ಇದು" ಎಂದಳು.

"ಓಹೋ. ನಾನೆದ್ರೆ ಊರೇನನ್ನುತ್ತೆ?"

"ಈ ವಯಸ್ಸಲ್ಲಿ ಯಾರನ್ನ ಹಿಡಿದ್ಲಪ್ಪ ಮುದುಕಿ ಅನ್ನುತ್ತೆ."

ಅಜ್ಜಿ ನಗಲಿಲ್ಲ. "ಹೋಗ್ ಹೋಗು, ನಿನ್ನ ಗುಡ್ಡಕ್ಕೆ" ಎಂದು ಕೈಯಾಡಿಸಿದಳು.

ಎನಿಫಾ ಗುಡ್ಡಕ್ಕೆ ಹೋಗಿ ಮೈಕಿನ ಮುಂದೆ ಕೂತಳು. ಒನಕೆ ಸದ್ದು ನನ್ನ ಕೆಲಸವೇ, ಅದು ಯಾಕಾಗಿ ಅನ್ನುವುದು ನಿಮಗೆಲ್ಲ ಗೊತ್ತಾಗಿದೆ, ತಪ್ಪು ನನ್ನದು ಎಂದಳು. ಹೇಳಿಬಿಡಿ ಎಂದು ಈ ಬಾರಿ ಯಾರಿಗೂ ಹೇಳಲಿಲ್ಲ. "ಇನ್ಮೇಲೆ ಒನಕೆ ಬಡಿದಾಗ ಊರಿಗೂರೇ ಎದ್ದು ನೀರು ಕುಡೀರಿ. ಕಾಯಿಲೆ ಇದ್ದೋರು, ಇಲ್ದೋರು, ಗಂಡಸರು, ಮಕ್ಕಳು, ಎಲ್ರೂ. ಯಾರೂ ಯಾರನ್ನೂ ಕೇಳೋದು ಬೇಡ." ದಿನವೂ ಇದನ್ನೇ ಹೇಳಿದಳು. ಎಲ್ಲರೂ ಕೇಳಿ ತಲೆಯಾಡಿಸಿದರು, ಮೊದಲು ಏಳುವ ಧೈರ್ಯ ಮಾತ್ರ ಎಲ್ಲೂ ಯಾರಿಗೂ ಬರಲಿಲ್ಲ. "ಬಿಟ್ಬಿಡಕ್ಕ, ಆಗೋದಲ್ಲ ಹೋಗೋದಲ್ಲ" ಅಂದ ವೈಸನ್. ಫಲೇಸಿಯ ಹೊಟ್ಟೆ ದಿನದಿನಕ್ಕೂ ಬೆಳೆಯುತ್ತಿದೆ ಎಂಬುದೊಂದೇ ಎನಿಫಾಳ ತಲೆಯಲ್ಲಿ ಕೊರೆಯುತ್ತಿತ್ತು.

ತಡೆಯಲಾರದೆ ಮತ್ತೊಂದು ಸಂಜೆ ಚಿಸೆಂಬೆಗೆ ಹೋಗಿ ಅದೇ ಚಾಪೆಯ ಮೇಲೆ ಕೂತಳು. ಫಲೇಸಿ ಹಿಂದೆ, ಗೋಡೆಗೆ ಒರಗಿ ಕೂತಿದ್ದಳು. ಒನಕೆ ಬಡಿಯಿತು, ಅಂಗಳ ಕಲ್ಲಾಯಿತು.

ನಸಿಬೆಕೊ ರೇಡಿಯೋವನ್ನು ಮಡಿಲಿನಿಂದ ನೆಲಕ್ಕಿಳಿಸಿದಳು. ಅದನ್ನು ಅವಳು ನೆಲಕ್ಕಿಟ್ಟದ್ದನ್ನು ಊರು ಹಿಂದೆಂದೂ ಕಂಡಿರಲಿಲ್ಲ. ಸೊಂಟಕ್ಕೆ ಕೈಕೊಟ್ಟು, ನರಳುತ್ತ ಎದ್ದು, ಬಿಂದಿಗೆಯ ಬಳಿಗೆ ನಡೆದು, ಒಂದು ಲೋಟ ನೀರನ್ನು ಗಟಗಟ ಕುಡಿದಳು.

"ಏನ್ರೋ ಹಂಗೆ ನೋಡ್ತೀರ? ಮುದುಕಿ ನೀರು ಕುಡಿದಿದ್ದು ಕಂಡಿಲ್ವಾ? ಏಳೋ ಲಕಿಸೋನಿ, ನಿಮ್ಮಪ್ಪನ್ನ ಈ ಕೈಲೇ ಎತ್ತಿ ಆಡಿಸಿದ್ದೀನಿ. ಏಳೇ ದೊರಿಕಾ, ನೆರೆಮನೆ ಬಾಗಿಲು ಕಾಯೋಕೆ ದಿನವೆಲ್ಲ ಬರುತ್ತೆ, ಏಳೋಕೆ ಬರಲ್ವಾ? ನನ್ನ ಅಂಗಳದಲ್ಲಿ ನಾನು ನಿಂತಿರೋವಾಗ ಕೂತಿರೋ ಗಂಡು ಯಾವನು, ನೋಡೇಬಿಡ್ತೀನಿ."

ಲಕಿಸೋನಿ ಎದ್ದ. ಅವನ ಹೆಂಡತಿ ಎದ್ದಳು. ದೊರಿಕಾ ಗೊಣಗುತ್ತ ಎದ್ದಳು. ಹಿರಿಯ ಹೆಂಗಸು ನಿಂತಿರುವಾಗ ಕೂತಿರುವುದು ಆ ಊರಿನ ರೀತಿಯಲ್ಲ, ಅದು ಎಲ್ಲರಿಗೂ ಒಮ್ಮೆಗೇ ನೆನಪಾಯಿತು. ನೋಡುನೋಡುತ್ತ ಬಿಂದಿಗೆಯ ಸುತ್ತ ತಳ್ಳಾಟ ಶುರುವಾಯಿತು. ಲೋಟ ಸಾಲದೆ ಕೆಲವರು ಬೊಗಸೆಯೊಡ್ಡಿದರು. ಮಕ್ಕಳಿಗೆ ಅದು ಆಟವಾಯಿತು. ಯಾರೋ ಗುಡಿಸಲೊಳಗೆ ಹೋಗಿ ಬಂದರು, ಇನ್ನಾರೋ ಬೆನ್ನು ತಿರುಗಿಸಿ ನಿಂತರು, ಯಾರು ಏನು ನುಂಗಿದರೋ ದೇವರೇ ಬಲ್ಲ.

ಎನಿಫಾ ಆ ಗದ್ದಲದಲ್ಲಿ ಫಲೇಸಿಯನ್ನು ಹುಡುಕಿದಳು. ಗೋಡೆಯ ಬಳಿ ಅವಳಿರಲಿಲ್ಲ. ಕತ್ತು ಉದ್ದ ಮಾಡಿ ಆಚೆ ಇಣುಕಿದಳು, ಈಚೆ ಇಣುಕಿದಳು. ಆ ಕೂಸಿನ ಗತಿಯೆಲ್ಲ ಆ ಒಂದು ಗುಟುಕು ನೀರಿನಲ್ಲಿತ್ತು. ಅದನ್ನು ಕಣ್ಣಾರೆ ಕಾಣದೆ ಅವಳಿಗೆ ಸಮಾಧಾನವಿಲ್ಲ.

"ಏನು ಹುಡುಕ್ತಿದ್ದೀಯ?" ನಸಿಬೆಕೊ ಪಕ್ಕದಲ್ಲಿ ನಿಂತು, ಅವಳ ಕೈಗೊಂದು ತುಂಬಿದ ಲೋಟ ಇಟ್ಟಳು. "ನೀನೂ ನೋಡೋಕೇ ಬಂದ್ಯಾ? ನಿನ್ನ ಲೋಟ ನೋಡ್ಕೊ."

ಎನಿಫಾಳ ಮುಖ ಬಿಸಿಯಾಯಿತು. ನಾಚಿಕೆಯೆಂದರೆ ಅದೇ. ಇಷ್ಟು ದಿನ ಆ ಅಂಗಳ ಫಲೇಸಿಗೆ ಮಾಡಿದ್ದನ್ನೇ ತಾನೂ ಈಗ ಮಾಡುತ್ತಿದ್ದಳು, ಪ್ರೀತಿಯಿಂದಲೇ ಇರಲಿ. ಅವಳು ಕಣ್ಣು ತಗ್ಗಿಸಿ ಲೋಟದ ನೀರನ್ನು ನೋಡುತ್ತ ನಿಂತಳು.

ಬೆನ್ನ ಹಿಂದಿನಿಂದ ಒಂದು ಸಣ್ಣ ದನಿ ಕೇಳಿತು. "ಅಜ್ಜಿ, ಇನ್ನೊಂಚೂರು ನೀರು ಹಾಕು. ಗಂಟಲಲ್ಲೇ ನಿಂತ್ಕೊಂಡಿದೆ."

ದನಿ ಯಾರದೆಂದು ಎನಿಫಾಳಿಗೆ ತಿಳಿಯಿತು. ಅವಳು ತಿರುಗಿ ನೋಡಲಿಲ್ಲ.